79 ತುಂಡು, ಎರಡು ಬೊಂಬೆ: ಹಳೆಯ ಸೂಪರ್‌ಹೀರೊ ಲೆಗೊ ಸೆಟ್ ಪರೀಕ್ಷಿಸುವುದು ಹೇಗೆ?

ಸಾವಿರ ತುಂಡುಗಳ ಲೆಗೊ ಸೆಟ್ಟಿನಲ್ಲಿ ನಾಲ್ಕು ಬ್ರಿಕ್ (ಜೋಡಿಸುವ ಪ್ಲಾಸ್ಟಿಕ್ ಇಟ್ಟಿಗೆ) ಕಳೆದುಹೋಗಿದ್ದರೆ ಮನೆಯಲ್ಲಿರುವ ಬೇರೆ ಬ್ರಿಕ್ ಹಾಕಿ ಸರಿದೂಗಿಸಬಹುದು. ನೂರಕ್ಕಿಂತ ಕಡಿಮೆ ತುಂಡಿರುವ ಸೂಪರ್‌ಹೀರೊ ಸೆಟ್ಟಿನಲ್ಲಿ ಅದು ನಡೆಯುವುದಿಲ್ಲ. ಅದರ ಬೆಲೆಯ ಬಹುಪಾಲು ಇರುವುದೇ ಎರಡು ಮಿನಿಫಿಗರ್ ಬೊಂಬೆಗಳಲ್ಲಿ, ಅವುಗಳ ಕೈಯಲ್ಲಿರುವ ಉಗುರುಗಾತ್ರದ ಆಯುಧಗಳಲ್ಲಿ. ಆದರೂ ಸೆಕೆಂಡ್ ಹ್ಯಾಂಡ್ ಸೆಟ್ ಕೊಳ್ಳುವವರು ಮೊದಲು ನೋಡುವುದು ಕಾರು ಪೂರ್ತಿ ಇದೆಯೇ ಎಂದು. ಪರೀಕ್ಷೆ ಬೊಂಬೆಯಿಂದ ಶುರುವಾಗಬೇಕು, ಕಾರು ಕೊನೆಗೆ ಬರಲಿ.

ಉದಾಹರಣೆಗೆ 2016ರಲ್ಲಿ ಬಂದ ‘ಮೈಟಿ ಮೈಕ್ರೋಸ್’ ಸಾಲಿನ 76061 ನಂಬರಿನ ಸೆಟ್ ತೆಗೆದುಕೊಳ್ಳೋಣ. ಬ್ಯಾಟ್‌ಮ್ಯಾನ್ ಮತ್ತು ಕ್ಯಾಟ್‌ವುಮನ್, ಇಬ್ಬರಿಗೂ ಒಂದೊಂದು ಪುಟಾಣಿ ಗಾಡಿ, ಒಟ್ಟು 79 ತುಂಡು. ಅಮೆರಿಕದಲ್ಲಿ ಆಗಿನ ಬೆಲೆ 9.99 ಡಾಲರ್. ಅದೇ ಸಾಲಿನಲ್ಲಿ ರಾಬಿನ್–ಬೇನ್ ಸೆಟ್ಟಿಗೆ 77 ತುಂಡು, ಫ್ಲ್ಯಾಶ್–ಕ್ಯಾಪ್ಟನ್ ಕೋಲ್ಡ್‌ಗೆ 88, ಕ್ಯಾಪ್ಟನ್ ಅಮೆರಿಕ–ರೆಡ್ ಸ್ಕಲ್‌ಗೆ 95. ಈ ಸಾಲಿನ ತಯಾರಿಕೆ ನಿಂತು ವರ್ಷಗಳಾಗಿವೆ. ಹಾಗಾಗಿ ಈಗ ಸಿಗುವುದು ಯಾರೋ ಎತ್ತಿಟ್ಟ ಸೀಲ್ ಒಡೆಯದ ಡಬ್ಬಿ, ಇಲ್ಲವೇ ಮಕ್ಕಳು ಆಡಿದ ಸೆಟ್. ಕೆಳಗಿನ ಕ್ರಮ ಈ ಸಾಲಿಗಷ್ಟೇ ಅಲ್ಲ, 2012ರಿಂದ ಬಂದಿರುವ ಡಿಸಿ ಮತ್ತು ಮಾರ್ವೆಲ್ ಕಾಮಿಕ್ಸ್ ಪಾತ್ರಗಳ ಯಾವ ಚಿಕ್ಕ ಸೆಟ್ಟಿಗೂ ಹೊಂದುತ್ತದೆ.

ಬೇಕಾಗುವುದು ಇಷ್ಟೇ: ಅಂಚಿರುವ ಎರಡು ಸ್ಟೀಲ್ ತಟ್ಟೆ, ಒಂದು ಬಿಳಿ ಬಟ್ಟೆ, ಮೊಬೈಲ್ ಟಾರ್ಚ್, ಭೂತಗನ್ನಡಿ, ಬ್ರಿಕ್ ಬಿಡಿಸುವ ಪ್ಲಾಸ್ಟಿಕ್ ಸಲಕರಣೆ, ಮತ್ತು ಅಸಲಿ ಎಂದು ಖಾತ್ರಿಯಿರುವ ನಾಲ್ಕೈದು ಲೆಗೊ ತುಂಡು. ಕೊನೆಯದನ್ನು ಮರೆಯಬೇಡಿ. ನಕಲಿಯನ್ನು ಹಿಡಿಯಲು ಪಕ್ಕದಲ್ಲೊಂದು ಅಸಲಿ ಇರಲೇಬೇಕು.

ಹಂತ 1: ನಂಬರ್ ಹಿಡಿದು ಪಟ್ಟಿ ತೆಗೆಯಿರಿ

ಡಬ್ಬಿಯ ಮೇಲೂ ಜೋಡಣೆಯ ಪುಸ್ತಿಕೆಯ ಮುಖಪುಟದಲ್ಲೂ ಸೆಟ್ಟಿನ ನಂಬರ್ ಇರುತ್ತದೆ. ಪುಸ್ತಿಕೆ ಕಳೆದಿದ್ದರೆ ಚಿಂತೆಯಿಲ್ಲ, ಲೆಗೊ ಕಂಪನಿಯ ಜಾಲತಾಣದಲ್ಲಿ ನಂಬರ್ ಕೊಟ್ಟು ಅದರ ಪಿಡಿಎಫ್ ಪ್ರತಿಯನ್ನು ಉಚಿತವಾಗಿ ಇಳಿಸಿಕೊಳ್ಳಬಹುದು. ಕೊನೆಯ ಪುಟಗಳಲ್ಲಿ ಪ್ರತಿ ತುಂಡಿನ ಚಿತ್ರ, ಎಷ್ಟು ಬೇಕು ಎಂಬ ಲೆಕ್ಕ ಮತ್ತು ಒಂದು ಸಂಖ್ಯೆ ಇರುತ್ತದೆ. ಆ ಪುಟವನ್ನು ಮುದ್ರಿಸಿಕೊಳ್ಳಿ. ಚಿಕ್ಕ ತುಂಡುಗಳ ಬಣ್ಣ ಮೊಬೈಲ್ ಪರದೆಯಲ್ಲಿ ಮೋಸ ಮಾಡುತ್ತದೆ, ಅದರಲ್ಲೂ ಕಪ್ಪು ಮತ್ತು ಗಾಢ ಬೂದು ಒಂದೇ ಥರ ಕಾಣುತ್ತವೆ. ಮುದ್ರಿಸಿದ ಹಾಳೆಯನ್ನು ಕಿಟಕಿಯ ಬೆಳಕಿನಲ್ಲಿಟ್ಟು ಹೋಲಿಸುವುದು ವಾಸಿ.

ಐಎಸ್‌ಐ ಗುರುತಿನ ಬಗ್ಗೆ ಒಂದು ಮಾತು. ಭಾರತದಲ್ಲಿ 14 ವರ್ಷದೊಳಗಿನ ಮಕ್ಕಳ ಆಟಿಕೆಗೆ ಈ ಗುರುತು ಕಡ್ಡಾಯವಾದದ್ದು 2021ರ ಜನವರಿ 1ರಿಂದ. 2016ರ ಡಬ್ಬಿಯಲ್ಲಿ ಅದು ಇಲ್ಲದಿದ್ದರೆ ನಕಲಿ ಎಂದುಕೊಳ್ಳಬೇಕಿಲ್ಲ. ಈಗ ಅಂಗಡಿಯಲ್ಲಿ ಹೊಸದೆಂದು ಮಾರುತ್ತಿರುವ ಸೆಟ್ಟಿನಲ್ಲಿ ಇಲ್ಲದಿದ್ದರೆ ಮಾತ್ರ ಕೊಳ್ಳಬೇಡಿ.

ಹಂತ 2: ಬೊಂಬೆಯನ್ನು ಬಿಡಿಸಿ, ಒಂದೊಂದೇ ಭಾಗ ನೋಡಿ

ಹೆಚ್ಚು ಹೊತ್ತು ಕೊಡಬೇಕಾದ್ದು ಇಲ್ಲಿ. ತುಂಡಿನ ಲೆಕ್ಕದಲ್ಲಿ ಒಂದು ಮಿನಿಫಿಗರ್ ಅಂದರೆ ತಲೆ, ತೋಳು–ಕೈ ಸೇರಿದ ಮುಂಡ, ಕಾಲು: ಮೂರು. ಟೊಪ್ಪಿ, ಮುಸುಕು ಅಥವಾ ಕೂದಲು ನಾಲ್ಕನೆಯದು. ಕೇಪ್ (ಬೆನ್ನ ಮೇಲೆ ಇಳಿಬೀಳುವ ಮೇಲುವಸ್ತ್ರ) ಇದ್ದರೆ ಐದು, ಕೈಯಲ್ಲಿ ಹಿಡಿದದ್ದು ಆರು. ಟೊಪ್ಪಿ, ತಲೆ, ಕೇಪ್, ಕಾಲು, ಈ ಕ್ರಮದಲ್ಲಿ ಬಿಡಿಸಿ. ತೋಳನ್ನು ಮಾತ್ರ ಮುಂಡದಿಂದ ಕೀಳಬೇಡಿ. ಕಿತ್ತು ಹಾಕಿದಷ್ಟೂ ಭುಜದ ತೂತು ಸಡಿಲವಾಗುತ್ತದೆ.

ಮೊದಲು ಕಾಲು. ಮೈಟಿ ಮೈಕ್ರೋಸ್ ಬೊಂಬೆಗಳಿಗೆ ಇರುವುದು ಮಡಿಸಲಾಗದ ಗಿಡ್ಡ ಕಾಲು, ಎರಡೂ ಕಾಲು ಸೇರಿ ಒಂದೇ ತುಂಡು. ಬ್ಯಾಟ್‌ಮ್ಯಾನ್ ಬೊಂಬೆಗಳು ಲೆಗೊದಲ್ಲಿ ಬೇಕಾದಷ್ಟು ಬಗೆಯವು ಬಂದಿವೆ. ಮೂಲ ಬೊಂಬೆಯನ್ನು ಬೇರೆಯಾಗಿ ಮಾರಿ, ಡಬ್ಬಿಯಲ್ಲಿ ಇನ್ನಾವುದೋ ಬ್ಯಾಟ್‌ಮ್ಯಾನ್ ಇಟ್ಟು ‘ಸೆಟ್ ಪೂರ್ತಿ ಇದೆ’ ಎಂದು ಕೊಡುವುದುಂಟು. ಕಾಲು ಸೊಂಟದಲ್ಲಿ ಮಡಿಸುತ್ತಿದ್ದರೆ ಆ ಬೊಂಬೆ ಈ ಸೆಟ್ಟಿನದಲ್ಲ. ಕಾಲು ಸರಿಯಿದ್ದು ಮುಂಡ ಬೇರೆಯದಿರುವುದೂ ಸಾಧ್ಯ. ಎದೆಯ ಮೇಲಿನ ಲಾಂಛನ, ಸೊಂಟಪಟ್ಟಿಯ ಗೆರೆ, ಬೆನ್ನಿನ ಮೇಲೆ ಮುದ್ರಣ ಇದೆಯೇ ಇಲ್ಲವೇ ಎಂಬುದನ್ನು ಈ ಸೆಟ್ಟಿನ ಬೊಂಬೆಯ ಸ್ಪಷ್ಟ ಫೋಟೊ ಜೊತೆಗಿಟ್ಟು ನೋಡಿ.

ಆಮೇಲೆ ಮುಂಡ. ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿದು, ತೋಳನ್ನು ಮೇಲಕ್ಕೆತ್ತಿ ಕಂಕುಳಿನ ಕೆಳಗೆ ನೋಡಿ. ಭುಜದ ತೂತಿನಿಂದ ಕೆಳಅಂಚಿನವರೆಗೆ ಕೂದಲೆಳೆಯಂಥ ಗೆರೆ ಕಾಣಬಹುದು. ನೇರ ಬೆಳಕಿನಲ್ಲಿ ಅದು ತೋರುವುದೇ ಇಲ್ಲ, ಓರೆ ಬೆಳಕಿನಲ್ಲಿ ಥಟ್ಟನೆ ಮಿನುಗುತ್ತದೆ. ಹೆಬ್ಬೆರಳ ಉಗುರನ್ನು ಅಡ್ಡಡ್ಡ ಎಳೆದರೆ ತಡೆಯುತ್ತದೆ. ಮುಂಡದ ಪಕ್ಕದ ಗೋಡೆ ತೆಳು. ಮೇಲಿನಿಂದ ತೋಳಿನ ಗುಂಡು, ಕೆಳಗಿನಿಂದ ಕಾಲಿನ ಗೂಟ ಎರಡೂ ವರ್ಷಗಟ್ಟಲೆ ಅದನ್ನು ಹೊರಕ್ಕೆ ಒತ್ತುತ್ತಿರುತ್ತವೆ, ಆ ಒತ್ತಡಕ್ಕೇ ಬಿರುಕು ಬಿಡುವುದು. ಬಿರುಕು ಬಿಟ್ಟ ಮುಂಡ ಕಾಲನ್ನು ಬಿಗಿಯಾಗಿ ಹಿಡಿಯುವುದಿಲ್ಲ. ಸೂಪರ್ ಗ್ಲೂ ಹಾಕಿ ಅಂಟಿಸುವ ಯೋಚನೆ ಬೇಡ. ಅಂಟಿನ ಆವಿಗೆ ಮುದ್ರಣದ ಮೇಲೆ ಬಿಳಿ ಮಂಜು ಕಟ್ಟುತ್ತದೆ, ಕಾಲು ಶಾಶ್ವತವಾಗಿ ಅಂಟಿಕೊಳ್ಳಲೂಬಹುದು.

ಮುಂಡದ ಕುತ್ತಿಗೆಯ ಗೂಟದ ತುದಿಯನ್ನು ಭೂತಗನ್ನಡಿಯಲ್ಲಿ ನೋಡಿ. ಅಸಲಿಯಾದರೆ ಅಲ್ಲಿ ಲೆಗೊ ಎಂಬ ಅಕ್ಷರಗಳು ಉಬ್ಬಾಗಿ ಇರುತ್ತವೆ. ಜನಪ್ರಿಯ ಸೂಪರ್‌ಹೀರೊಗಳ ನಕಲಿ ಬೊಂಬೆಗಳು ಮಾರುಕಟ್ಟೆಯಲ್ಲಿ ಹೇರಳ. ಅವುಗಳ ಮುದ್ರಣ ದೂರದಿಂದ ಚೆನ್ನಾಗಿಯೇ ಕಾಣುತ್ತದೆ. ಹತ್ತಿರ ಹಿಡಿದಾಗ ಗೆರೆಗಳ ಅಂಚು ಹರಡಿರುತ್ತದೆ, ಬಿಳಿ ಬಣ್ಣದ ಹಿಂದಿನಿಂದ ಕೆಳಗಿನ ಕಪ್ಪು ಇಣುಕುತ್ತದೆ, ಪ್ಲಾಸ್ಟಿಕ್ಕಿನಲ್ಲಿ ಒಂದು ಬಗೆಯ ಮೇಣದ ಹೊಳಪು ಇರುತ್ತದೆ. ಇದರಲ್ಲಿ ಯಾವುದೋ ಒಂದು ಕಂಡಿತೆಂದು ತೀರ್ಪು ಕೊಡಬೇಡಿ. ಅಕ್ಷರವೂ ಇಲ್ಲ, ಮುದ್ರಣವೂ ಮಸುಕು, ತೋಳೂ ಗಡಗಡ ಅನ್ನುತ್ತದೆ ಅಂದರೆ ಅನುಮಾನಕ್ಕೆ ಜಾಗವಿಲ್ಲ. (ಬ್ರಿಕ್ಕಿನ ಮೂಲ ಪೇಟೆಂಟ್ 1958ರದು, ಅದರ ಅವಧಿ ಎಂದೋ ಮುಗಿದಿದೆ. ಲೆಗೊಗೆ ಹೊಂದುವ ಬ್ರಿಕ್ಕನ್ನು ತಮ್ಮದೇ ಹೆಸರಿನಲ್ಲಿ ಮಾಡುವ ಕಂಪನಿಗಳದು ಕಳ್ಳಮಾಲಲ್ಲ. ಅದನ್ನು ಲೆಗೊ ಎಂದು ಹೇಳಿ ಮಾರಿದರೆ ಅದು ಮೋಸ.)

ಕೈಯ ಹಿಡಿತಕ್ಕೆ ಸುಲಭ ಪರೀಕ್ಷೆಯಿದೆ. ಮಿನಿಫಿಗರ್‌ನ ಅಂಗೈ ಹಿಡಿಯುವುದು ಸುಮಾರು 3.2 ಮಿಮೀ ದಪ್ಪದ ಕಡ್ಡಿಯನ್ನು. ಅಸಲಿ ಲೆಗೊ ಕಡ್ಡಿಯೊಂದನ್ನು ಕೊಟ್ಟು ಬೊಂಬೆಯನ್ನು ತಲೆಕೆಳಗು ಮಾಡಿ ಮೆಲ್ಲಗೆ ಅಲ್ಲಾಡಿಸಿ. ಕಡ್ಡಿ ಜಾರಿದರೆ ಬೆರಳು ಸವೆದಿದೆ ಅಥವಾ ಸೀಳಿದೆ. ಕೈಯೇ ಮಣಿಕಟ್ಟಿನಿಂದ ಕಳಚಿ ಬಿದ್ದರೆ ತೋಳಿನ ತೂತು ಅಗಲವಾಗಿದೆ. ತಲೆಕೆಳಗು ಮಾಡಿದಾಗ ತಲೆ ಬೀಳಬಾರದು. ತೋಳನ್ನು ಮೇಲೆತ್ತಿ ಬಿಟ್ಟರೆ ಅಲ್ಲೇ ನಿಲ್ಲಬೇಕು.

ಮುಸುಕಿನ ಕಿವಿಗಳ ಮೇಲೆ ಕಣ್ಣಿರಲಿ. ಬ್ಯಾಟ್‌ಮ್ಯಾನ್ ಮುಸುಕಿನ ಎರಡು ಚೂಪು ಕಿವಿಗಳು ಮಕ್ಕಳ ಹಲ್ಲಿಗೆ ಮೊದಲು ಸಿಗುವ ಜಾಗ. ಕಚ್ಚಿದ ತುದಿ ಮೊಂಡಾಗಿರುತ್ತದೆ, ಬಾಗಿದ ಕಡೆ ಕಪ್ಪು ಪ್ಲಾಸ್ಟಿಕ್ ಬೆಳ್ಳಗೆ ಬಿಟ್ಟುಕೊಂಡಿರುತ್ತದೆ. ಆ ಬಿಳಿಚಿದ ಗುರುತು ತೊಳೆದರೆ ಹೋಗುವಂಥದಲ್ಲ.

ಕೇಪ್ ಬಟ್ಟೆಯದು. ಹಳೆಯ ಸೆಟ್ಟುಗಳಲ್ಲಿ ಗಂಜಿ ಹಾಕಿದಂಥ ಗಡುಸು ಬಟ್ಟೆ ಇತ್ತು, ಅದು ಮಡಿಕೆ ಬಿದ್ದರೆ ಹಾಗೇ ಉಳಿಯುತ್ತದೆ, ಅಂಚಿನಲ್ಲಿ ನೂಲು ಬಿಡುತ್ತದೆ. ಈಚಿನವುಗಳಲ್ಲಿ ಮೆತ್ತನೆಯ ಬಟ್ಟೆ ಬರುತ್ತದೆ. ಎರಡರಲ್ಲೂ ಹರಿಯುವುದು ಕುತ್ತಿಗೆಗೆ ಸಿಕ್ಕಿಸುವ ತೂತಿನ ಬಳಿಯೇ, ಹಾಗಾಗಿ ತಲೆ ತೆಗೆಯದೆ ಕೇಪ್ ಚೆನ್ನಾಗಿದೆ ಎನ್ನಬೇಡಿ. ಗಿಡ್ಡ ಕಾಲಿನ ಬೊಂಬೆಗೆ ಕೇಪ್ ನೆಲಕ್ಕೆ ಎಳೆಯುವಷ್ಟು ಉದ್ದವಿದ್ದರೆ ಅದು ದೊಡ್ಡ ಬೊಂಬೆಯದು.

ಹಂತ 3: ಎಣಿಕೆ

ಗಾಡಿಗಳನ್ನು ಪೂರ್ತಿ ಬಿಡಿಸಿ. ಜೋಡಿಸಿದ ಗಾಡಿಯನ್ನು ನೋಡಿ ಎಣಿಸಲು ಹೋದರೆ ಒಳಗೆ ಮುಚ್ಚಿಹೋದ ಪ್ಲೇಟು (ತೆಳು ಬ್ರಿಕ್) ಬಣ್ಣ ಬದಲಾಗಿದ್ದರೂ ತಿಳಿಯುವುದಿಲ್ಲ. ಹಲ್ಲು, ಚಾಕು ಯಾವುದೂ ಬೇಡ. ಬ್ರಿಕ್ ಬಿಡಿಸುವ ಸಲಕರಣೆಯೇ ಇದೆ. ಒಂದು ತಟ್ಟೆಯಲ್ಲಿ ಬಿಡಿಸಿದ ತುಂಡು, ಇನ್ನೊಂದರಲ್ಲಿ ಪಟ್ಟಿಗೆ ತಾಳೆಯಾದದ್ದು. ದೊಡ್ಡದರಿಂದ ಶುರುಮಾಡಿ ಚಿಕ್ಕದಕ್ಕೆ ಬನ್ನಿ, ಕೊನೆಗೆ ಒಂದೇ ಸ್ಟಡ್ಡಿನ (ತುಂಡಿನ ಮೇಲೆ ಉಬ್ಬಿರುವ ದುಂಡು ಗುಬುಟು) ದುಂಡು ಪ್ಲೇಟುಗಳು. ಕಾಣೆಯಾಗುವುದು ಅವೇ: ಗಾಡಿಯ ದೀಪ, ಗುಂಡಿ, ಕೊಳವೆಬಾಯಿ.

ಇಲ್ಲೊಂದು ಗೊಂದಲ ಸಾಮಾನ್ಯ. ತೀರಾ ಸಣ್ಣ ತುಂಡುಗಳನ್ನು ಕಂಪನಿ ಒಂದೊಂದು ಹೆಚ್ಚಿಗೆ ಹಾಕಿರುತ್ತದೆ. ಅವು 79ರ ಲೆಕ್ಕದಲ್ಲಿ ಇಲ್ಲ. ಹಾಗಾಗಿ ಒಟ್ಟು 79 ತುಂಡು ಸಿಕ್ಕಿತು ಎಂದ ಮಾತ್ರಕ್ಕೆ ಸೆಟ್ ಪೂರ್ತಿಯಲ್ಲ. ಎರಡು ಮುಖ್ಯ ತುಂಡು ಹೋಗಿ ಎರಡು ಹೆಚ್ಚುವರಿ ತುಂಡು ಉಳಿದಿದ್ದರೂ ಮೊತ್ತ ಅಷ್ಟೇ ಬರುತ್ತದೆ. ಒಟ್ಟು ಮೊತ್ತ ಬಿಟ್ಟು ಪಟ್ಟಿಯ ಒಂದೊಂದು ಸಾಲಿಗೂ ಗುರುತು ಹಾಕಿ.

ಹಂತ 4: ಬ್ರಿಕ್ಕಿನ ಹಿಡಿತ ಮತ್ತು ಬಣ್ಣ

ಅಳತೆ ಗೊತ್ತಿದ್ದರೆ ಪರೀಕ್ಷೆ ಸಲೀಸು. ಒಂದು ಸ್ಟಡ್ಡಿನಿಂದ ಪಕ್ಕದ ಸ್ಟಡ್ಡಿಗೆ 8 ಮಿಮೀ. ಸ್ಟಡ್ ಬಿಟ್ಟು ಬ್ರಿಕ್ಕಿನ ಎತ್ತರ 9.6 ಮಿಮೀ, ಪ್ಲೇಟಿನದು 3.2. ಅಂದರೆ ಮೂರು ಪ್ಲೇಟ್ ಒಂದರ ಮೇಲೊಂದು ಒತ್ತಿದರೆ ಸರಿಯಾಗಿ ಒಂದು ಬ್ರಿಕ್ಕಿನಷ್ಟು ಎತ್ತರ. ಅನುಮಾನವಿರುವ ಮೂರು ಪ್ಲೇಟು ಜೋಡಿಸಿ, ಪಕ್ಕದಲ್ಲಿ ಅಸಲಿ ಬ್ರಿಕ್ ಇಟ್ಟು, ಎರಡರ ಮೇಲೂ ಸೇರುವಂತೆ ಇನ್ನೊಂದು ಅಸಲಿ ಪ್ಲೇಟ್ ಒತ್ತಿ. ಅಸಲಿಯಾದರೆ ಅದು ಎರಡೂ ಕಡೆ ಸಮನಾಗಿ ಕೂರುತ್ತದೆ. ನಕಲಿಯಾದರೆ ಒಂದು ಕಡೆ ಕಾಗದ ತೂರುವಷ್ಟು ಸಂದು ಉಳಿಯಬಹುದು. ಪ್ರತಿ ಸ್ಟಡ್ಡಿನ ಮೇಲೂ ಕಂಪನಿಯ ಹೆಸರು ಇದೆಯೇ ನೋಡಿ. ನಾಲ್ಕಾರು ನಕಲಿ ತುಂಡು ಮಾತ್ರ ಬೆರೆಸಿರುವುದೇ ಹೆಚ್ಚು.

ಬಿಳಿ ಮತ್ತು ತಿಳಿ ಬೂದು ತುಂಡುಗಳು ಬಿಸಿಲಿಗೆ ಹಳದಿಯಾಗುತ್ತವೆ. ಇದನ್ನು ಹಿಡಿಯಲು ತುಂಡಿನ ಹೊರಮೈಯನ್ನೂ ಇನ್ನೊಂದು ಬ್ರಿಕ್ಕಿನ ಕೆಳಗೆ ಮುಚ್ಚಿದ್ದ ಭಾಗವನ್ನೂ ಬಿಳಿ ಬಟ್ಟೆಯ ಮೇಲೆ ಹೋಲಿಸಿ. ಈ ಅವಧಿಯ ಕೆಂಗಂದು ಮತ್ತು ಗಾಢ ಕೆಂಪು ತುಂಡುಗಳು ಬಿರುಸಾಗಿ ಪಟಕ್ಕನೆ ಮುರಿಯುವುದಕ್ಕೆ ಹೆಸರಾದವು. ಅವನ್ನು ಕೊನೆಗೆ, ನಿಧಾನವಾಗಿ ಬಿಡಿಸಿ. ಪಾರದರ್ಶಕ ತುಂಡುಗಳಲ್ಲಿ ಗೀರು ಬೇಗ ಎದ್ದು ಕಾಣುತ್ತದೆ. ಸ್ಟಿಕ್ಕರ್ ಇದ್ದರೆ ಅಂಚು ಏಳುತ್ತಿದೆಯೇ ಎಂದು ನೋಡಿದರೆ ಸಾಕು.

ತೊಳೆಯಬೇಕೆ?

ಕೊಳ್ಳುವ ಮುನ್ನ ಬೇಡ, ಕೊಂಡ ಮೇಲೆ ತೊಳೆಯಿರಿ. ಕೇಪ್ ಮತ್ತು ಸ್ಟಿಕ್ಕರ್ ಹಚ್ಚಿದ ತುಂಡುಗಳನ್ನು ಪಕ್ಕಕ್ಕಿಡಿ. ಮಿಕ್ಕವನ್ನು 40 ಡಿಗ್ರಿ ಸೆಲ್ಸಿಯಸ್ ಮೀರದ ಉಗುರುಬೆಚ್ಚಗಿನ ನೀರಿಗೆ ಒಂದೆರಡು ಹನಿ ಪಾತ್ರೆ ತೊಳೆಯುವ ದ್ರವ ಬೆರೆಸಿ, ಕೈಯಲ್ಲೇ ತೊಳೆಯಿರಿ. ಸಂದಿಗೆ ಮೆತ್ತನೆಯ ಹಲ್ಲುಜ್ಜುವ ಬ್ರಷ್ ಆಗುತ್ತದೆ, ಆದರೆ ಮುಖ ಮತ್ತು ಎದೆಯ ಮುದ್ರಣಕ್ಕೆ ಬ್ರಷ್ ತಾಗಿಸಬೇಡಿ, ಬೆರಳಿನಿಂದ ಸವರಿದರೆ ಸಾಕು. ನೀರು ಚೆಲ್ಲುವಾಗ ಜರಡಿ ಹಿಡಿಯಿರಿ. ನೆರಳಿನಲ್ಲಿ ಬಟ್ಟೆಯ ಮೇಲೆ ಹರಡಿ ಒಣಗಿಸಿ, ಬಿಸಿಲಿಗೂ ಹೇರ್ ಡ್ರೈಯರ್ ಗಾಳಿಗೂ ಒಡ್ಡಬೇಡಿ. ವಾಷಿಂಗ್ ಮೆಷಿನ್ನಿಗೆ ಹಾಕಿದರೆ ತುಂಡುಗಳು ಒಂದಕ್ಕೊಂದು ಉಜ್ಜಿ ಹೊಳಪೇ ಹೋಗುತ್ತದೆ.

ಹಂತ 5: ಬೆಲೆ ಕಟ್ಟುವುದು

ಮಾರುವವರು ಕೇಳುತ್ತಿರುವ ಬೆಲೆ ನೋಡಿ ಲೆಕ್ಕ ಹಾಕಬೇಡಿ, ನಿಜವಾಗಿ ಮಾರಾಟವಾದ ಬೆಲೆ ನೋಡಿ. ಲೆಗೊ ಕೊಳ್ಳುವ–ಮಾರುವ ಬ್ರಿಕ್‌ಲಿಂಕ್ ಜಾಲತಾಣದಲ್ಲಿ ಕಳೆದ ಆರು ತಿಂಗಳಲ್ಲಿ ಸೆಟ್ಟು, ಬೊಂಬೆ, ಬಿಡಿ ತುಂಡು ಎಷ್ಟಕ್ಕೆ ಹೋಗಿದೆ ಎಂಬುದು ಹೊಸದು–ಬಳಸಿದ್ದು ಎಂದು ಬೇರೆಬೇರೆಯಾಗಿ ಸಿಗುತ್ತದೆ. ಮೂರು ಅಂಕಿ ಬರೆದುಕೊಳ್ಳಿ: ಬಳಸಿದ ಪೂರ್ತಿ ಸೆಟ್ಟಿನ ಬೆಲೆ, ಎರಡು ಬೊಂಬೆಗಳ ಬಿಡಿ ಬೆಲೆ, ಕಾಣೆಯಾದ ತುಂಡುಗಳ ಬೆಲೆ. ಎರಡು ಬೊಂಬೆಗಳ ಬೆಲೆ ಪೂರ್ತಿ ಸೆಟ್ಟಿನ ಬೆಲೆಗೆ ಹತ್ತಿರ ಬಂದರೆ ಅಚ್ಚರಿಪಡಬೇಡಿ. ಹಾಗಿದ್ದಲ್ಲಿ ಬೊಂಬೆ ಇಲ್ಲದ ಗಾಡಿಗಳಿಗೆ ಬಿಡಿ ಬ್ರಿಕ್ಕಿನ ಬೆಲೆಗಿಂತ ಹೆಚ್ಚು ಕೊಡುವ ಅಗತ್ಯವಿಲ್ಲ.

ಕಾಣೆಯಾದ ತುಂಡಿನ ಬೆಲೆಗೆ ಅಂಚೆ ಖರ್ಚು ಸೇರಿಸುವುದನ್ನು ಹಲವರು ಮರೆಯುತ್ತಾರೆ. ಒಂದು ಬ್ಯಾಟರಾಂಗ್ (ಬ್ಯಾಟ್‌ಮ್ಯಾನ್ ಎಸೆಯುವ ಬಾವಲಿಯಾಕಾರದ ಆಯುಧ) ಅಗ್ಗಕ್ಕೇ ಸಿಗಬಹುದು, ವಿದೇಶದಿಂದ ಅದೊಂದನ್ನೇ ತರಿಸಿದರೆ ಸಾಗಣೆಯ ಖರ್ಚು ಅದರ ಎಷ್ಟೋ ಪಟ್ಟಾಗುತ್ತದೆ. ಸೆಟ್ಟಿನ ಬೆಲೆಯಲ್ಲಿ ಅಷ್ಟನ್ನೂ ಕಳೆದೇ ಚೌಕಾಸಿಗೆ ಕೂರಿ. ಬಿರುಕು ಬಿಟ್ಟ ಮುಂಡವಿದ್ದರೆ ಆ ಬೊಂಬೆಗೆ ಮುಂಡವೇ ಇಲ್ಲ ಎಂದು ಲೆಕ್ಕ ಹಿಡಿಯಿರಿ. ಕೇಪಿನ ಮಡಿಕೆ, ಗಾಡಿಯ ಸಣ್ಣ ಗೀರು ಇವಕ್ಕೆ ಹೆಚ್ಚು ಕಳೆಯುವುದು ನ್ಯಾಯವಲ್ಲ, ಆಡಿದ ಆಟಿಕೆಯಲ್ಲಿ ಅವು ಇದ್ದೇ ಇರುತ್ತವೆ.

ಆನ್‌ಲೈನಿನಲ್ಲಿ ಕೊಳ್ಳುವವರು ಹಣ ಕಳಿಸುವ ಮುನ್ನ ನಾಲ್ಕು ಫೋಟೊ ಕೇಳಬೇಕು: ಟೊಪ್ಪಿ ತೆಗೆದ ಎರಡೂ ತಲೆಗಳದು, ಮುಂಡಗಳ ಎರಡೂ ಪಕ್ಕದ್ದು, ಕುತ್ತಿಗೆಯ ಗೂಟದ್ದು, ಬಿಡಿಸಿ ಹರಡಿದ ತುಂಡುಗಳದು. ಜೋಡಿಸಿದ ಗಾಡಿಯ ಮೇಲೆ ಬೊಂಬೆ ಕೂರಿಸಿದ ಒಂದೇ ಚಿತ್ರ ಕಳಿಸುವವರ ಬಳಿ ಕೊಳ್ಳಬೇಡಿ. ಮತ್ತು ಮನೆಯಲ್ಲಿ ಮೂರು ವರ್ಷದೊಳಗಿನ ಮಗುವಿದ್ದರೆ ಪರೀಕ್ಷೆ ಮುಗಿದೊಡನೆ ತಟ್ಟೆಯ ಕೆಳಗೆ, ಬಟ್ಟೆಯ ಮಡಿಕೆಯಲ್ಲಿ ಒಮ್ಮೆ ಕೈಯಾಡಿಸಿ. ಬೊಂಬೆಯ ತಲೆ, ಬ್ಯಾಟರಾಂಗ್, ದುಂಡು ಪ್ಲೇಟ್ ಮೂರೂ ಮಗುವಿನ ಗಂಟಲಿಗೆ ಸಿಕ್ಕುವ ಗಾತ್ರದವೇ.