ಮೊದಲ ಕ್ಯಾಮೆರಾ ಡ್ರೋನ್: ಹಾರಿಸುವ ಮುನ್ನ ವಾಪಸ್ ಬರುವ ದಾರಿ ನೋಡಿಕೊಳ್ಳಿ

ಡ್ರೋನ್ ಮೇಲಕ್ಕೇರಿಸುವುದಕ್ಕೆ ದೊಡ್ಡ ವಿದ್ಯೆ ಏನೂ ಬೇಡ. ಒಂದು ಗುಂಡಿ ಒತ್ತಿದರೆ ತಾನೇ ಏರಿ ಗಾಳಿಯಲ್ಲಿ ನಿಲ್ಲುತ್ತದೆ. ಕಷ್ಟ ಇರುವುದು ಅದನ್ನು ಮುರಿಯದೆ ವಾಪಸ್ ತಂದು ಇಳಿಸುವುದರಲ್ಲಿ, ಅದರಲ್ಲೂ ತೆಂಗಿನ ಮರ, ಕರೆಂಟ್ ತಂತಿ, ಹದ್ದು, ಮಧ್ಯಾಹ್ನದ ಗಾಳಿ ಎಲ್ಲವೂ ಇರುವ ನಮ್ಮ ಊರುಗಳಲ್ಲಿ. ಹಾಗಾಗಿ ಇಲ್ಲಿನ ನೆಲ, ಇಲ್ಲಿನ ಕಾನೂನಿನ ಲೆಕ್ಕದಲ್ಲೇ ಹೇಳುತ್ತೇನೆ.

ಮೊದಲು ಖರೀದಿ. ಐದಾರು ಸಾವಿರಕ್ಕೆ "4ಕೆ ಡ್ರೋನ್" ಅಂತ ಆನ್‌ಲೈನ್‌ನಲ್ಲಿ ಸಿಗುತ್ತವಲ್ಲ, ಅವುಗಳಲ್ಲಿ ಹೆಚ್ಚಿನವಕ್ಕೆ ಜಿಪಿಎಸ್ ಇರುವುದಿಲ್ಲ, ಕ್ಯಾಮೆರಾ ಅಲುಗದಂತೆ ಹಿಡಿಯುವ ಗಿಂಬಲ್ ಇರುವುದಿಲ್ಲ. ಸ್ವಲ್ಪ ಗಾಳಿ ಬೀಸಿದರೆ ಪಕ್ಕದೂರಿಗೆ ಹೋಗುತ್ತವೆ. ಮನೆಯೊಳಗೆ ಕೈ ಪಳಗಿಸಲು ಸರಿ, ಫೋಟೋಗೆ ಬೇಡ. ಜಿಪಿಎಸ್ ಮತ್ತು ಮೂರು ಅಕ್ಷದ ಗಿಂಬಲ್, ಈ ಎರಡು ಇಲ್ಲದ್ದನ್ನು ಕ್ಯಾಮೆರಾ ಡ್ರೋನ್ ಅಂತ ನಾನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಅಮೆರಿಕದಲ್ಲೋ ದುಬೈನಲ್ಲೋ ಇರುವ ಅಣ್ಣನ ಹತ್ತಿರ ಸೂಟ್‌ಕೇಸಿನಲ್ಲಿ ತರಿಸಿಕೊಳ್ಳುವ ಯೋಚನೆ ಬಿಡಿ. 2022ರ ಫೆಬ್ರವರಿಯಿಂದ ಹೊರದೇಶದ ಡ್ರೋನ್ ಆಮದಿಗೆ ನಿಷೇಧವಿದೆ, ಕಸ್ಟಮ್ಸ್‌ನಲ್ಲಿ ಸಿಕ್ಕಿಬಿದ್ದರೆ ಹೋಯಿತು. ಸೆಕೆಂಡ್ ಹ್ಯಾಂಡ್ ತೆಗೆದುಕೊಳ್ಳುವುದಾದರೆ ಬಿಲ್ ಕೇಳಿ, ಆಪ್ ತೆರೆಸಿ ಪ್ರತಿ ಬ್ಯಾಟರಿ ಎಷ್ಟು ಸಲ ಚಾರ್ಜ್ ಆಗಿದೆ ನೋಡಿ, ಹಳೆಯ ಮಾಲೀಕರು ತಮ್ಮ ಖಾತೆಯಿಂದ ಡ್ರೋನನ್ನು ನಿಮ್ಮ ಎದುರೇ ತೆಗೆಯುವವರೆಗೆ ದುಡ್ಡು ಕೊಡಬೇಡಿ.

ತೂಕ ಮುಖ್ಯ. 2021ರ ಡ್ರೋನ್ ನಿಯಮಗಳ ಪ್ರಕಾರ 250 ಗ್ರಾಂವರೆಗಿನದು ನ್ಯಾನೊ, ಅದಕ್ಕಿಂತ ಮೇಲೆ 2 ಕಿಲೋವರೆಗಿನದು ಮೈಕ್ರೊ. ಚೀನಾದ ಡಿಜೆಐ ಕಂಪನಿಯ ಮಿನಿ ಸರಣಿಯ ಡ್ರೋನ್‌ಗಳು 249 ಗ್ರಾಂ ಅಂತ ಬರುವುದು ಸುಮ್ನೆ ಅಲ್ಲ. ನ್ಯಾನೊ ಹಾರಿಸಲು ಪೈಲಟ್ ಸರ್ಟಿಫಿಕೇಟ್ ಬೇಕಿಲ್ಲ. ಮೈಕ್ರೊಗೆ ನೋಂದಣಿ ಸಂಖ್ಯೆ ಬೇಕು. ಹವ್ಯಾಸಕ್ಕಾದರೆ ಸರ್ಟಿಫಿಕೇಟ್ ಬೇಡ, ಆದರೆ ಗೆಳೆಯರ ಮದುವೆಗೆ ದುಡ್ಡು ತಗೊಂಡು ಶೂಟ್ ಮಾಡಿದರೆ ಅದು ಹವ್ಯಾಸ ಆಗಲ್ಲ, ಸರ್ಟಿಫಿಕೇಟ್ ಬೇಕೇ ಬೇಕು. ಇನ್ನೊಂದು ವಿಷಯ, ತೂಕ ಅಂದರೆ ಮೇಲೆ ಹಾಕಿದ ಎಲ್ಲದರ ಜೊತೆಗಿನ ತೂಕ. ದೊಡ್ಡ ಬ್ಯಾಟರಿಯನ್ನೋ ಪ್ರೊಪೆಲ್ಲರ್ ಗಾರ್ಡನ್ನೋ ಹಾಕಿದರೆ 249 ಗ್ರಾಂ ಡ್ರೋನ್ ನ್ಯಾನೊ ಆಗಿ ಉಳಿಯುವುದಿಲ್ಲ.

ಹೊರಡುವ ಹಿಂದಿನ ದಿನವೇ ಡಿಜಿಟಲ್ ಸ್ಕೈ ನಕ್ಷೆ ನೋಡಿ, ಎಲ್ಲೆಲ್ಲಿ ಡ್ರೋನ್ ಹಾರಿಸಬಹುದು ಅಂತ ತೋರಿಸುವ ಸರ್ಕಾರದ ಆನ್‌ಲೈನ್ ನಕ್ಷೆ ಅದು. ಹಸಿರು ವಲಯದಲ್ಲಿ ಸಾಮಾನ್ಯವಾಗಿ 400 ಅಡಿವರೆಗೆ, ಅಂದರೆ ಸುಮಾರು 120 ಮೀಟರ್‌ವರೆಗೆ ಹಾರಿಸಬಹುದು. ವಿಮಾನ ನಿಲ್ದಾಣದ ಗಡಿಯಿಂದ 8ರಿಂದ 12 ಕಿಲೋಮೀಟರ್ ಒಳಗಿದ್ದರೆ 200 ಅಡಿ ಮಾತ್ರ. ಹಳದಿ, ಕೆಂಪು ವಲಯಗಳಲ್ಲಿ ಅನುಮತಿ ಇಲ್ಲದೆ ಹಾರಿಸುವಂತಿಲ್ಲ, ನ್ಯಾನೊ ಆದರೂ ಅಷ್ಟೇ. ಬೆಂಗಳೂರಿನವರಿಗೆ ಇದು ಬೇಜಾರಿನ ಸುದ್ದಿ: ಎಚ್‌ಎಎಲ್, ಯಲಹಂಕ, ಜಕ್ಕೂರು, ದೇವನಹಳ್ಳಿ ಅಂತ ಒಂದರ ಬೆನ್ನಿಗೆ ಒಂದು ರನ್‌ವೇ ಇರುವುದರಿಂದ ಊರಿನ ಬಹುಭಾಗದಲ್ಲಿ ನಿಮಗೆ ಹಸಿರು ಸಿಗುವುದಿಲ್ಲ. ಬಂಡೀಪುರ, ನಾಗರಹೊಳೆಯಂಥ ಕಾಡುಗಳಲ್ಲಿ ಅರಣ್ಯ ಇಲಾಖೆಯ ಅನುಮತಿ ಬೇಕು, ಹಂಪಿಯ ಸ್ಮಾರಕಗಳಿಗೆ ಪುರಾತತ್ವ ಇಲಾಖೆಯದ್ದು. ಕಾರವಾರದ ನೌಕಾನೆಲೆ, ಕೈಗಾ ಅಣು ಸ್ಥಾವರದ ಸುತ್ತ ಡ್ರೋನ್ ಚೀಲದಿಂದ ಹೊರಗೇ ತೆಗೆಯಬೇಡಿ. ಜಾತ್ರೆಯಲ್ಲಿ ತೇರಿನ ಮೇಲಿಂದ ತೆಗೆದ ಶಾಟ್ ಚೆನ್ನಾಗಿ ಕಾಣುತ್ತೆ ನಿಜ. ಆದರೆ ನಾಲ್ಕು ಮೋಟಾರ್‌ಗಳಲ್ಲಿ ಒಂದು ನಿಂತರೂ ಇಡೀ ಡ್ರೋನ್ ಕೆಳಗೆ ಬೀಳುತ್ತದೆ, ಕೆಳಗಿರುವುದು ಮಕ್ಕಳ ತಲೆ. ಜನರ ನೆತ್ತಿಯ ಮೇಲೆ ಬೇಡವೇ ಬೇಡ.

ಈಗ ಹಾರಾಟ. ಫರ್ಮ್‌ವೇರ್ (ಡ್ರೋನ್ ಒಳಗಿನ ಸಾಫ್ಟ್‌ವೇರ್) ಅಪ್‌ಡೇಟ್ ಎಲ್ಲ ಮನೆಯ ವೈಫೈಯಲ್ಲೇ ಮುಗಿಸಿ. ಜಾಗಕ್ಕೆ ಹೋದ ಮೇಲೆ ಮೊದಲು ಗಿಂಬಲ್ ಕವರ್ ತೆಗೆಯಿರಿ, ಆಮೇಲೆ ಆನ್ ಮಾಡಿ. ಮನೆಯ ತಾರಸಿಯಿಂದ ಏರಿಸುವ ಆಸೆ ಎಲ್ಲರಿಗೂ ಇರುತ್ತೆ ಅಲ್ವಾ, ಆದರೆ ಕಾಂಕ್ರೀಟಿನೊಳಗಿನ ಕಬ್ಬಿಣದ ಸರಳು ಕಂಪಾಸಿನ ದಿಕ್ಕು ತಪ್ಪಿಸಬಹುದು. ಕಾರಿನ ಬಾನೆಟ್ ಕೂಡ ಹಾಗೇ. ಮಕ್ಕಳಿಲ್ಲದ ಹೊತ್ತಿನ ಶಾಲಾ ಮೈದಾನ, ಕೊಯ್ಲಾದ ಗದ್ದೆ, ಒಕ್ಕಣೆ ಮುಗಿದ ಕಣ, ಇವು ಒಳ್ಳೆಯ ಜಾಗ. ಉಪಗ್ರಹಗಳು ಹತ್ತಕ್ಕಿಂತ ಜಾಸ್ತಿ ಸಿಕ್ಕಿ "ಹೋಮ್ ಪಾಯಿಂಟ್", ಅಂದರೆ ವಾಪಸ್ ಬರಬೇಕಾದ ಜಾಗ, ದಾಖಲಾಯಿತು ಅಂತ ಆಪ್ ಹೇಳುವವರೆಗೆ ಕಾಯಿರಿ. ಇದಕ್ಕೆ ಒಂದೆರಡು ನಿಮಿಷ ಹಿಡಿಯಬಹುದು. ಈ ಕಾಯುವಿಕೆಯನ್ನು ಬಿಟ್ಟು ಏರಿಸಿದವರ ಡ್ರೋನ್‌ಗೆ ಮನೆ ಎಲ್ಲಿದೆ ಅಂತಲೇ ಗೊತ್ತಿರುವುದಿಲ್ಲ.

ಆರ್‌ಟಿಎಚ್ (ರಿಟರ್ನ್ ಟು ಹೋಮ್, ಅಂದರೆ ತಾನೇ ವಾಪಸ್ ಬರುವ ವ್ಯವಸ್ಥೆ) ಎತ್ತರ, ಇದನ್ನು ಪ್ರತಿ ಜಾಗದಲ್ಲೂ ಹೊಸದಾಗಿ ಹಾಕಬೇಕು. ಸಿಗ್ನಲ್ ಕಡಿದುಹೋದರೆ ಡ್ರೋನ್ ಮೊದಲು ಆ ಎತ್ತರಕ್ಕೆ ಏರಿ, ನೇರ ಗೆರೆಯಲ್ಲಿ ವಾಪಸ್ ಬಂದು ಇಳಿಯುತ್ತದೆ. ಸುತ್ತಲಿನ ಅತಿ ಎತ್ತರದ ಮರ, ಮೊಬೈಲ್ ಟವರ್ ನೋಡಿ, ಅದಕ್ಕಿಂತ ಕನಿಷ್ಠ 15–20 ಮೀಟರ್ ಮೇಲೆ ಇಡಿ. ಇಲ್ಲಿ ಮಲೆನಾಡಿನವರು ಒಂದು ಮಾತು ಚೆನ್ನಾಗಿ ನೆನಪಿಟ್ಟುಕೊಳ್ಳಬೇಕು: ಪರದೆಯಲ್ಲಿ ಕಾಣುವ ಎತ್ತರ ನೀವು ಏರಿಸಿದ ಜಾಗದಿಂದ ಲೆಕ್ಕ, ಡ್ರೋನ್ ಕೆಳಗಿರುವ ನೆಲದಿಂದ ಅಲ್ಲ. ಕಣಿವೆಯಿಂದ ಏರಿಸಿ 60 ಮೀಟರ್ ಅಂತ ಇಟ್ಟು, ಗುಡ್ಡದ ಆಚೆ ಬದಿಗೆ ಕಳಿಸಿದಿರಿ ಅಂದುಕೊಳ್ಳಿ. ಆ ಗುಡ್ಡ 100 ಮೀಟರ್ ಎತ್ತರದ್ದಾದರೆ, ನೇರ ಗೆರೆಯಲ್ಲಿ ವಾಪಸ್ ಬರುವ ಡ್ರೋನ್ ಗುಡ್ಡಕ್ಕೇ ಬಡಿಯುತ್ತದೆ. ಸಿಗ್ನಲ್ ಕಡಿಯುವುದೂ ಗುಡ್ಡದ ಮರೆಗೆ ಹೋದಾಗಲೇ, ಹಾಗಾಗಿ ಕಣ್ಣಿಗೆ ಕಾಣುವಷ್ಟು ದೂರದಲ್ಲೇ ಹಾರಿಸಿ. ಕಾನೂನು ಹೇಳುವುದೂ ಅದನ್ನೇ.

ಅಡಿಕೆ ತೋಟದ ಒಳಗಿಂದ ಏರಿಸುವವರಿಗೆ ಇನ್ನೊಂದು ತೊಂದರೆ. ಆರ್‌ಟಿಎಚ್ ಶುರುವಾದರೆ ಅದು ನೆಟ್ಟಗೆ ಮೇಲೇರುತ್ತದೆ, ಮೇಲೆ ಸೋಗೆ ಇದೆ ಅಂತ ಅದಕ್ಕೆ ತಿಳಿಯುವುದಿಲ್ಲ. ಮರಗಳ ಕೆಳಗೆ ಹಾರಿಸುವ ಮೊದಲೇ, ಸಿಗ್ನಲ್ ಹೋದರೆ ಏನು ಮಾಡಬೇಕು ಅನ್ನುವ ಸೆಟ್ಟಿಂಗನ್ನು "ನಿಂತಲ್ಲೇ ನಿಲ್ಲು" ಅನ್ನುವ ಆಯ್ಕೆಗೆ ಬದಲಾಯಿಸಿ, ಬಯಲಿಗೆ ಬಂದ ಮೇಲೆ ಮರೆಯದೆ ವಾಪಸ್ ಆರ್‌ಟಿಎಚ್‌ಗೆ ತನ್ನಿ.

ಮೊದಲ ಕೆಲವು ಹಾರಾಟಗಳಲ್ಲಿ ರೆಕಾರ್ಡಿಂಗ್ ಮರೆತುಬಿಡಿ. ಎಡ ಸ್ಟಿಕ್ ಏರಿಳಿಸಲು ಮತ್ತು ಮುಖ ತಿರುಗಿಸಲು, ಬಲ ಸ್ಟಿಕ್ ಹಿಂದೆ-ಮುಂದೆ, ಎಡ-ಬಲ ಓಡಿಸಲು. ಡ್ರೋನ್ ಮುಖ ನಿಮ್ಮ ಕಡೆ ತಿರುಗಿದಾಗ ಎಡ-ಬಲ ಅದಲುಬದಲಾಗುತ್ತದೆ. ಗಾಬರಿಯಲ್ಲಿ ಮರಕ್ಕೆ ಹೊಡೆಯುವುದು ಹೆಚ್ಚಾಗಿ ಆಗಲೇ. ಚೌಕಾಕಾರ, ಆಮೇಲೆ 8ರ ಆಕಾರ, ನಿಧಾನಕ್ಕೆ, ಯೋಚಿಸದೆ ಕೈ ಓಡುವವರೆಗೆ ಮಾಡಿ. ಗಾಬರಿಯಾದರೆ ಎರಡೂ ಸ್ಟಿಕ್ ಬಿಟ್ಟುಬಿಡಿ, ಜಿಪಿಎಸ್ ಇದ್ದರೆ ಅಲ್ಲೇ ನಿಲ್ಲುತ್ತದೆ. ಜೋರಾಗಿ ಓಡಿಸುವ ಸ್ಪೋರ್ಟ್ ಮೋಡ್ ಸದ್ಯಕ್ಕೆ ಬೇಡ, ಅದರಲ್ಲಿ ಅಡ್ಡಿ ಗುರುತಿಸುವ ಸೆನ್ಸರ್ ಕೆಲಸ ಮಾಡುವುದಿಲ್ಲ.

ಸೆನ್ಸರ್ ಇದ್ದರೂ ತೆಳ್ಳಗಿನ ತಂತಿ ಅದಕ್ಕೆ ಕಾಣುವುದಿಲ್ಲ. ದೂರದಿಂದ ನಿಮಗೂ ಕಾಣಲ್ಲ. ಹಾಗಾಗಿ ತಂತಿ ಹುಡುಕಬೇಡಿ, ಕಂಬ ಹುಡುಕಿ. ಹೊಲದ ಮೇಲೆ ಹಾದುಹೋದ ಲೈನ್ ದಾಟಬೇಕಾದರೆ ಕಂಬದ ನೆತ್ತಿಯ ಮೇಲಿಂದ ದಾಟಿ. ಕಂಬ ಕ್ಯಾಮೆರಾದಲ್ಲಿ ಸ್ಪಷ್ಟವಾಗಿ ಕಾಣುತ್ತದೆ, ಎಷ್ಟು ಮೇಲಿದ್ದೀರಿ ಅನ್ನುವ ಅಂದಾಜು ಸಿಗುತ್ತದೆ.

ಹದ್ದು, ಗರುಡ ಮೇಲಿನಿಂದ ಎರಗುತ್ತವೆ. ಸುತ್ತು ಹೊಡೆಯಲು ಶುರು ಮಾಡಿದರೆ ನೆಟ್ಟಗೆ ಮೇಲಕ್ಕೇರಿಸಿ, ಅಷ್ಟು ವೇಗವಾಗಿ ನೇರಕ್ಕೆ ಏರುವುದು ಹಕ್ಕಿಗೆ ಕಷ್ಟ. ಅದು ದೂರ ಸರಿದ ಕೂಡಲೇ ಇಳಿಸಿ, ಅವತ್ತಿಗೆ ಆ ಜಾಗ ಬಿಡಿ. ಅದರ ಗೂಡು ಹತ್ತಿರವೇ ಇರಬಹುದು, ಅದಕ್ಕೆ ಸಂಕಟ ಕೊಟ್ಟು ತೆಗೆಯಬೇಕಾದ ಫೋಟೋ ಯಾವುದೂ ಇಲ್ಲ.

ಗಾಳಿ ನೆಲಕ್ಕಿಂತ ಮೇಲೆ ಜೋರು. ತೆಂಗಿನ ಗರಿಗಳ ತುದಿ ನೋಡಿ ಅಂದಾಜು ಮಾಡಿ. ಯಾವಾಗಲೂ ಮೊದಲು ಗಾಳಿಗೆ ಎದುರಾಗಿ ಹೋಗಿ, ಬರುವಾಗ ಗಾಳಿಯೇ ತಳ್ಳಿಕೊಂಡು ತರುತ್ತದೆ. ಉಲ್ಟಾ ಮಾಡಿದರೆ ಹೋಗುವಾಗ ಹಗುರ, ಬರುವಾಗ ಬ್ಯಾಟರಿ ಸಾಲುವುದಿಲ್ಲ. ಕರಾವಳಿಯಲ್ಲಿ ಮಧ್ಯಾಹ್ನದ ನಂತರ ಕಡಲ ಗಾಳಿ ಏರುತ್ತದೆ, ಚಿತ್ರದುರ್ಗ, ಗದಗದ ಕಡೆ ಗಾಳಿಯಂತ್ರ ನಿಂತ ಗುಡ್ಡಗಳ ಬಗ್ಗೆ ಹೇಳಲೇಬೇಕಿಲ್ಲ. ಬೆಳಿಗ್ಗೆ ಬೇಗ ಹೋಗಿ, ಬೆಳಕೂ ಆಗಲೇ ಚೆನ್ನ. ನೀರಿನ ಮೇಲೆ ತೀರಾ ಕೆಳಗೆ ಹಾರಿಸಬೇಡಿ, ಅಲೆ ಮತ್ತು ಪ್ರತಿಬಿಂಬದಿಂದ ಕೆಳಗಿನ ಸೆನ್ಸರ್‌ಗೆ ಗೊಂದಲವಾಗುತ್ತದೆ. ಮಳೆ, ದಟ್ಟ ಮಂಜು ಇದ್ದರೆ ಏರಿಸಲೇಬೇಡಿ, ಈ ಡ್ರೋನ್‌ಗಳಿಗೆ ನೀರು ತಡೆಯುವ ಶಕ್ತಿ ಇಲ್ಲ.

ಇನ್ನು ಚಿತ್ರ. ಎಲ್ಲರೂ ವಿಪರೀತ ಮೇಲೆ ಹೋಗುತ್ತಾರೆ. 120 ಮೀಟರ್‌ನಿಂದ ಎಲ್ಲ ಊರೂ ಒಂದೇ ಥರ ಕಾಣುತ್ತವೆ. 15ರಿಂದ 30 ಮೀಟರ್‌ನಲ್ಲಿ ಮರದ ತಲೆ, ಹೆಂಚಿನ ಮಾಡು, ಗದ್ದೆಯ ಬದು ಒಂದರ ಮುಂದೆ ಒಂದು ಸರಿಯುವುದು ಕಾಣುತ್ತದೆ, ಚೆಂದ ಇರುವುದೇ ಅಲ್ಲಿ. ಕ್ಯಾಮೆರಾವನ್ನು ನೆಟ್ಟಗೆ ಕೆಳಕ್ಕೆ ತಿರುಗಿಸುವ ಶಾಟ್, ಬ್ಯಾಡಗಿಯಲ್ಲಿ ಒಣಹಾಕಿದ ಮೆಣಸಿನಕಾಯಿಗೆ, ಗೋಕರ್ಣದ ಹತ್ತಿರ ಸಾಣಿಕಟ್ಟೆಯ ಉಪ್ಪಿನ ಗದ್ದೆಗಳಿಗೆ ಹೇಳಿ ಮಾಡಿಸಿದ್ದು. ಕೆಲಸ ಮಾಡುತ್ತಿರುವವರನ್ನು ಮೊದಲು ಕೇಳಿ, ತೆಗೆದದ್ದನ್ನು ತೋರಿಸಿ. ವಿಡಿಯೋಗೆ ಸೆಕೆಂಡಿಗೆ 25 ಫ್ರೇಮ್, ಶಟರ್ (ಪ್ರತಿ ಫ್ರೇಮ್‌ಗೆ ಬೆಳಕು ಬೀಳುವ ಹೊತ್ತು) 1/50 ಸೆಕೆಂಡ್, ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 100. ಬಿಸಿಲಲ್ಲಿ ಇದು ಬೆಳ್ಳಗಾಗುತ್ತದೆ, ಅದಕ್ಕೇ ಬೆಳಕು ತಗ್ಗಿಸುವ ಎನ್‌ಡಿ ಫಿಲ್ಟರ್ ಹಾಕುವುದು. ವೈಟ್ ಬ್ಯಾಲೆನ್ಸ್ ಆಟೋದಲ್ಲಿ ಬಿಡಬೇಡಿ, ಶಾಟ್ ಮಧ್ಯದಲ್ಲೇ ಬಣ್ಣ ಬದಲಾಗುತ್ತದೆ. ಒಂದು ಶಾಟ್‌ಗೆ ಒಂದೇ ಚಲನೆ ಸಾಕು, ಹತ್ತು ಸೆಕೆಂಡ್ ಹಾಗೇ ಹಿಡಿಯಿರಿ.

ಬ್ಯಾಟರಿ 30 ಪ್ರತಿಶತಕ್ಕೆ ಬಂದಾಗ ಡ್ರೋನ್ ನಿಮ್ಮ ತಲೆಯ ಹತ್ತಿರ ಇರಬೇಕು, ವಾಪಸ್ ಹೊರಡುತ್ತಿರುವುದಲ್ಲ. ಮಿನಿಯಂಥ ಡ್ರೋನ್‌ಗಳಿಗೆ ಕಂಪನಿ ಹೇಳುವ ಮಿತಿ 40 ಡಿಗ್ರಿ. ರಾಯಚೂರು, ಕಲಬುರಗಿಯ ಏಪ್ರಿಲ್-ಮೇ ಮಧ್ಯಾಹ್ನಗಳು ಅದನ್ನು ದಾಟುತ್ತವೆ, ಆ ಹೊತ್ತಲ್ಲಿ ಹಾರಿಸಬೇಡಿ, ಮುಚ್ಚಿದ ಕಾರಿನಲ್ಲಿ ಬ್ಯಾಟರಿ ಬಿಟ್ಟು ಹೋಗಲೂ ಬೇಡಿ. ಇಳಿಸಿದ ಕೂಡಲೇ ಬಿಸಿ ಬ್ಯಾಟರಿ ಚಾರ್ಜಿಗೆ ಹಾಕಬೇಡಿ, ತಣ್ಣಗಾಗಲಿ. ವಾರಗಟ್ಟಲೆ ಹಾರಿಸುವುದಿಲ್ಲ ಅಂದರೆ 40–60 ಪ್ರತಿಶತದಲ್ಲಿ ಎತ್ತಿಡಿ. ವಿಮಾನದಲ್ಲಿ ಹೋಗುವಾಗ ಬ್ಯಾಟರಿಗಳು ಕೈಚೀಲದಲ್ಲೇ ಇರಬೇಕು, ಚೆಕ್-ಇನ್ ಲಗೇಜಿನಲ್ಲಿ ಅಲ್ಲ. ಯಾವುದಾದರೂ ಬ್ಯಾಟರಿ ಉಬ್ಬಿದ್ದು ಕಂಡರೆ ಇನ್ನೊಂದು ಸಲ ಹಾರಿಸಿ ನೋಡೋಣ ಅನ್ನಬೇಡಿ, ಚಾರ್ಜೂ ಮಾಡಬೇಡಿ. ಕಸದ ಬುಟ್ಟಿಗೆ ಹಾಕದೆ ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಡಿ.