ಉದ್ದ ಕೂದಲಿನ ಬೆಕ್ಕಿಗೆ ಒಣ ಆಹಾರ: ಚೀಲದ ಹಿಂಬದಿ ಓದಿ ಆರಿಸುವುದು ಹೇಗೆ?

ಬೆಕ್ಕಿನ ಕೂದಲಿನ ಬಹುಪಾಲು ಕೆರಟಿನ್ ಎಂಬ ಪ್ರೋಟೀನು. ಹೀಗಾಗಿ ಪರ್ಷಿಯನ್, ಮೇನ್ ಕೂನ್, ರಾಗ್‌ಡಾಲ್‌ನಂತಹ ಉದ್ದ ಕೂದಲಿನ ಬೆಕ್ಕುಗಳು ತಿಂದ ಪ್ರೋಟೀನಿನಲ್ಲಿ ಗಣನೀಯ ಭಾಗವನ್ನು ತುಪ್ಪಳ ಬೆಳೆಸಿಕೊಳ್ಳುವುದಕ್ಕೇ ಬಳಸುತ್ತವೆ. ಮೈ ನೆಕ್ಕಿಕೊಳ್ಳುವಾಗ ಹೊಟ್ಟೆ ಸೇರುವ ಕೂದಲಿನ ತೊಂದರೆಯೂ ಇವಕ್ಕೆ ಹೆಚ್ಚು. ಇವೆರಡನ್ನು ಬಿಟ್ಟರೆ ಇವುಗಳ ಪೋಷಣೆಯ ಅಗತ್ಯ ಉಳಿದ ಬೆಕ್ಕುಗಳದ್ದೇ ಆಗಿರುವುದರಿಂದ, ಚೀಲದ ಮುಂಬದಿಯಲ್ಲಿ ‘ಉದ್ದ ಕೂದಲಿನ ಬೆಕ್ಕುಗಳಿಗಾಗಿ’ ಎಂದು ಅಚ್ಚಾಗಿದೆಯೇ ಎಂಬುದಕ್ಕಿಂತ ಹಿಂಬದಿಯ ಸಣ್ಣ ಅಕ್ಷರಗಳಲ್ಲಿ ಏನಿದೆ ಎಂಬುದು ಮುಖ್ಯವಾಗುತ್ತದೆ. ಆ ಅಕ್ಷರಗಳನ್ನು ಯಾವ ಕ್ರಮದಲ್ಲಿ ಓದಬೇಕೆಂಬುದನ್ನು ಇಲ್ಲಿ ವಿವರಿಸಲಾಗಿದೆ.

ಮೊದಲು ‘ಸಂಪೂರ್ಣ ಆಹಾರ’ ಎಂದಿದೆಯೇ ನೋಡಿ

ಚೀಲದಲ್ಲಿರುವುದು ಸಂಪೂರ್ಣ ಮತ್ತು ಸಮತೋಲಿತ ಆಹಾರವೋ ಅಥವಾ ಪೂರಕ ಆಹಾರವೋ ಎಂಬುದನ್ನು ಎಲ್ಲಕ್ಕಿಂತ ಮೊದಲು ಹುಡುಕಬೇಕು. ಪೂರಕ ಎಂದು ಬರೆದಿದ್ದರೆ ಅದು ತಿನಿಸು ಮಾತ್ರ, ಅದನ್ನೇ ನಂಬಿ ಬೆಕ್ಕನ್ನು ಸಾಕಲಾಗದು. ಸಂಪೂರ್ಣ ಎಂದಿದ್ದರೆ ಅಮೆರಿಕದ ಆಫ್ಕೊ ಅಥವಾ ಯುರೋಪಿನ ಫೆಡಿಯಾಫ್‌ನಂತಹ ಸಂಸ್ಥೆಯ ಮಾನದಂಡದ ಉಲ್ಲೇಖ ಸಾಮಾನ್ಯವಾಗಿ ಪಕ್ಕದಲ್ಲಿಯೇ ಇರುತ್ತದೆ. ಜೊತೆಗೆ ಯಾವ ವಯಸ್ಸಿಗೆ ಎಂಬುದನ್ನೂ ಓದಿ. ‘ಎಲ್ಲ ವಯಸ್ಸಿನ ಬೆಕ್ಕುಗಳಿಗೆ’ ಎಂಬ ಆಹಾರವು ಮರಿಗಳ ಅಗತ್ಯವನ್ನೂ ಪೂರೈಸುವಂತೆ ತಯಾರಾಗಿರುವುದರಿಂದ, ಮನೆಯೊಳಗೇ ಇರುವ, ಸಂತಾನಹರಣ ಚಿಕಿತ್ಸೆಯಾದ ವಯಸ್ಕ ಬೆಕ್ಕಿಗೆ ಅದು ಅನೇಕ ವೇಳೆ ಅತಿಯಾಗುತ್ತದೆ.

ನಾಯಿಯ ಆಹಾರವನ್ನು ಬೆಕ್ಕಿಗೆ ಹಾಕುವವರು ಇನ್ನೂ ಇದ್ದಾರೆ. ಇದು ಅಪಾಯಕಾರಿ ಉಳಿತಾಯ. ಟಾರಿನ್ ಎಂಬ ಅಮೈನೋ ಆಮ್ಲವನ್ನು ನಾಯಿಯ ದೇಹವು ಸಾಮಾನ್ಯವಾಗಿ ತಾನೇ ತಯಾರಿಸಿಕೊಳ್ಳುತ್ತದೆ, ಬೆಕ್ಕಿಗೆ ಅದು ಸಾಕಷ್ಟು ಪ್ರಮಾಣದಲ್ಲಿ ಸಾಧ್ಯವಿಲ್ಲ. ಟಾರಿನ್ ಕೊರತೆಯಾದರೆ ಬೆಕ್ಕಿನ ಕಣ್ಣಿನ ಅಕ್ಷಿಪಟಲ ಹಾಳಾಗುತ್ತದೆ, ಹೃದಯದ ಸ್ನಾಯು ಹಿಗ್ಗಿ ದುರ್ಬಲವಾಗುತ್ತದೆ. ಈ ಹೃದ್ರೋಗಕ್ಕೂ ಟಾರಿನ್‌ಗೂ ಇರುವ ನಂಟನ್ನು ಕ್ಯಾಲಿಫೋರ್ನಿಯಾದ ಸಂಶೋಧಕರು 1987ರಲ್ಲಿ ತೋರಿಸಿಕೊಟ್ಟ ಬಳಿಕವೇ ತಯಾರಕರು ಅದರ ಪ್ರಮಾಣವನ್ನು ಹೆಚ್ಚಿಸಿದರು. ಒಣ ಆಹಾರದಲ್ಲಿ, ತೇವಾಂಶ ಕಳೆದ ಲೆಕ್ಕದಲ್ಲಿ, ಕನಿಷ್ಠ ಶೇ 0.1ರಷ್ಟು ಟಾರಿನ್ ಇರಬೇಕೆಂಬುದು ಆಫ್ಕೊ ನಿಯಮ.

ಒಂದು ಭಾಗಾಕಾರ, ಒಂದು ವ್ಯವಕಲನ

ಮುಂದಿನದು ಪೋಷಕಾಂಶಗಳ ಪಟ್ಟಿ. ಒಂದು ಚೀಲದಲ್ಲಿ ಪ್ರೋಟೀನ್ ಶೇ 32, ಕೊಬ್ಬು ಶೇ 14, ನಾರು ಶೇ 4, ತೇವಾಂಶ ಶೇ 10, ಬೂದಿ ಶೇ 7 ಎಂದಿದೆ ಎಂದುಕೊಳ್ಳಿ. ಬೂದಿ ಎಂದರೆ ಖನಿಜಾಂಶ, ಕಲಬೆರಕೆಯಲ್ಲ. ಚೀಲದಿಂದ ಚೀಲಕ್ಕೆ ತೇವಾಂಶ ಬದಲಾಗುವುದರಿಂದ ಅದನ್ನು ಕಳೆದು ಹೋಲಿಸುವುದು ಸರಿಯಾದ ಕ್ರಮ. ನೂರರಲ್ಲಿ ತೇವಾಂಶದ 10 ಕಳೆದರೆ 90 ಉಳಿಯುತ್ತದೆ. 32ನ್ನು 90ರಿಂದ ಭಾಗಿಸಿ ನೂರರಿಂದ ಗುಣಿಸಿದರೆ ಸುಮಾರು 35.5 ಬರುತ್ತದೆ. ಇದೇ ಆಹಾರದ ನಿಜವಾದ ಪ್ರೋಟೀನ್ ಪ್ರಮಾಣ. ವಯಸ್ಕ ಬೆಕ್ಕಿಗೆ ಈ ಲೆಕ್ಕದಲ್ಲಿ ಆಫ್ಕೊ ಹೇಳುವ ಕನಿಷ್ಠ ಮಿತಿ ಪ್ರೋಟೀನಿಗೆ ಶೇ 26, ಕೊಬ್ಬಿಗೆ ಶೇ 9. ಕನಿಷ್ಠವೆಂದರೆ ಕೊರತೆಯಾಗದಿರಲು ಬೇಕಾದಷ್ಟು ಎಂದರ್ಥವೇ ಹೊರತು ಉತ್ತಮ ಎಂದಲ್ಲ. ಆರೋಗ್ಯವಾಗಿರುವ ಉದ್ದ ಕೂದಲಿನ ಬೆಕ್ಕಿಗಾದರೆ ಶೇ 35ಕ್ಕಿಂತ ಕಡಿಮೆಯಿರುವ ಚೀಲವನ್ನು ಈ ಲೇಖಕ ಆರಿಸಲಾರ.

ಪಟ್ಟಿಯಲ್ಲಿ ಹೆಚ್ಚಾಗಿ ಕಾಣಿಸದಿರುವುದು ಪಿಷ್ಟ. ಮೇಲಿನ ಐದು ಅಂಕಿಗಳನ್ನು ಕೂಡಿದರೆ 67. ನೂರರಲ್ಲಿ ಅದನ್ನು ಕಳೆದರೆ ಉಳಿಯುವ 33 ಸರಿಸುಮಾರು ಪಿಷ್ಟ ಮತ್ತು ಸಕ್ಕರೆಯ ಭಾಗ. ಬೂದಿಯ ಅಂಕಿ ಇಲ್ಲದಿದ್ದರೆ 7 ಎಂದು ಹಿಡಿದುಕೊಳ್ಳಬಹುದು. ಕಾಳು ಗಟ್ಟಿಯಾಗಿ ನಿಲ್ಲಬೇಕಾದರೆ ಸ್ವಲ್ಪ ಪಿಷ್ಟ ಬೇಕೇ ಬೇಕು, ಆದ್ದರಿಂದ ಪಿಷ್ಟವಿಲ್ಲದ ಒಣ ಆಹಾರವನ್ನು ಹುಡುಕುತ್ತ ಹೋಗುವುದರಲ್ಲಿ ಅರ್ಥವಿಲ್ಲ. ಎರಡು ಚೀಲಗಳ ಪೈಕಿ ಇದು ಕಡಿಮೆಯಿದ್ದು ಪ್ರೋಟೀನ್ ಹೆಚ್ಚಿರುವುದನ್ನು ತೆಗೆದುಕೊಂಡರೆ ಸಾಕು. ‘ಧಾನ್ಯರಹಿತ’ ಎಂಬ ಮಾತಿಗೆ ಮರುಳಾಗುವ ಮುನ್ನ ಇದೇ ಲೆಕ್ಕ ಮಾಡಿ ನೋಡಿ: ಅಕ್ಕಿ, ಜೋಳಗಳ ಜಾಗಕ್ಕೆ ಆಲೂಗಡ್ಡೆ, ಬಟಾಣಿ ಬಂದಿದ್ದರೆ ಪಿಷ್ಟವೇನೂ ಇಳಿದಿರುವುದಿಲ್ಲ.

ಪ್ರೋಟೀನ್ ಎಲ್ಲಿಂದ ಬಂತು?

ಪದಾರ್ಥಗಳ ಪಟ್ಟಿಯನ್ನು ತೂಕದ ಇಳಿಕೆ ಕ್ರಮದಲ್ಲಿ ಬರೆಯುತ್ತಾರೆ, ಆದರೆ ಅದು ಬೇಯಿಸುವುದಕ್ಕೆ ಮೊದಲಿನ ತೂಕ. ಹಸಿ ಕೋಳಿಮಾಂಸದ ಮುಕ್ಕಾಲು ಪಾಲಿಗೆ ಸಮೀಪ ನೀರೇ ಇರುವುದರಿಂದ, ಪಟ್ಟಿಯ ಮೊದಲಿಗೆ ‘ತಾಜಾ ಕೋಳಿ’ ಎಂದಿದ್ದ ಮಾತ್ರಕ್ಕೆ ಕಾಳಿನಲ್ಲಿ ಅದರದೇ ಮೇಲುಗೈ ಎನ್ನಲಾಗದು. ಒಣಗಿಸಿ ಪುಡಿ ಮಾಡಿದ ಕೋಳಿ ಅಥವಾ ಮೀನಿನ ಮಾಂಸ, ಅಂದರೆ ‘ಚಿಕನ್ ಮೀಲ್’, ‘ಫಿಶ್ ಮೀಲ್’ ಎಂದು ಬರೆಯುವುದು, ಕೇಳಲು ಅಷ್ಟು ಚೆನ್ನಾಗಿಲ್ಲದಿದ್ದರೂ ಪ್ರೋಟೀನ್ ದಟ್ಟವಾಗಿರುವ ಪದಾರ್ಥ. ಯಾವ ಪ್ರಾಣಿಯದೆಂದು ಹೇಳದೆ ಬರೀ ‘ಮಾಂಸ ಉತ್ಪನ್ನ’ ಎಂದಷ್ಟೇ ಬರೆದಿದ್ದರೆ ಬೇರೆ ಚೀಲ ನೋಡುವುದು ಒಳಿತು. ಇನ್ನೊಂದು ಜಾಣತನವನ್ನೂ ಗಮನಿಸಿ: ಮೆಕ್ಕೆಜೋಳ, ಮೆಕ್ಕೆಜೋಳದ ಹಿಟ್ಟು, ಮೆಕ್ಕೆಜೋಳದ ಗ್ಲುಟೆನ್ ಎಂದು ಒಂದೇ ಧಾನ್ಯವನ್ನು ಮೂರು ಹೆಸರಿನಲ್ಲಿ ಒಡೆದು ಬರೆದರೆ ಪ್ರತಿಯೊಂದೂ ಪಟ್ಟಿಯಲ್ಲಿ ಕೆಳಗಿಳಿದು ಮಾಂಸ ಮೇಲೆ ಬರುತ್ತದೆ. ಚೀಲದ ಹೆಸರೂ ಹೀಗೆಯೇ. ಆಫ್ಕೊ ನಿಯಮದ ಪ್ರಕಾರ ‘ವಿತ್ ಸಾಲ್ಮನ್’ ಎಂದು ಕರೆಯಲು ಶೇ 3ರಷ್ಟು ಸಾಲ್ಮನ್ ಇದ್ದರೆ ಸಾಕು.

ಮಾಂಸದ ಮೂಲಕ್ಕೆ ಇಷ್ಟು ಒತ್ತು ಕೊಡಲು ಕಾರಣ ಕೂದಲೇ. ಕೆರಟಿನ್‌ಗೆ ಬೇಕಾದ ಗಂಧಕವುಳ್ಳ ಅಮೈನೋ ಆಮ್ಲಗಳಾದ ಮೆಥಿಯೊನಿನ್ ಮತ್ತು ಸಿಸ್ಟೀನ್ ಪ್ರಾಣಿಜನ್ಯ ಪ್ರೋಟೀನಿನಲ್ಲಿ ಚೆನ್ನಾಗಿ ಸಿಗುತ್ತವೆ. ಬಣ್ಣಕ್ಕೂ ಇಂಥದ್ದೇ ನಂಟಿದೆ: ಫಿನೈಲ್‌ಅಲನಿನ್ ಮತ್ತು ಟೈರೋಸಿನ್ ಸಾಲದೆ ಹೋದಾಗ ಕಪ್ಪು ಬೆಕ್ಕಿನ ಕೂದಲು ಕೆಂಪು ಮಿಶ್ರಿತ ಕಂದು ಬಣ್ಣಕ್ಕೆ ತಿರುಗುವುದುಂಟು.

ಕೊಬ್ಬಿನಲ್ಲಿ ಹುಡುಕಬೇಕಾದದ್ದು ಎರಡು ಬಗೆಯದು. ಚರ್ಮದ ತೇವ ಕಾಯುವ ಒಮೇಗಾ-6 ಗುಂಪಿನ ಲಿನೋಲಿಕ್ ಆಮ್ಲ ಕೋಳಿಕೊಬ್ಬಿನಿಂದ ಸಾಕಷ್ಟು ದೊರೆಯುತ್ತದೆ. ಒಮೇಗಾ-3 ಮಾತ್ರ ಮೀನಿನೆಣ್ಣೆಯಿಂದ ಬಂದಿರಲಿ. ಅಗಸೆಬೀಜದಲ್ಲಿರುವ ಒಮೇಗಾ-3ನ್ನು ದೇಹಕ್ಕೆ ಬೇಕಾದ ರೂಪಕ್ಕೆ ಬದಲಿಸಿಕೊಳ್ಳುವ ಸಾಮರ್ಥ್ಯ ಬೆಕ್ಕಿಗೆ ತೀರ ಕಡಿಮೆ. ಸತು, ತಾಮ್ರ, ಬಯೋಟಿನ್‌ಗಳೂ ಕೂದಲಿಗೆ ಬೇಕು, ಆದರೆ ಸಂಪೂರ್ಣ ಆಹಾರದಲ್ಲಿ ಅವು ಇದ್ದೇ ಇರುತ್ತವೆ.

ಕೂದಲಿನ ಉಂಡೆ ಮತ್ತು ನಾರು

‘ಹೇರ್‌ಬಾಲ್ ಕಂಟ್ರೋಲ್’ ಎಂದು ಬರೆದಿರುವ ಆಹಾರದ ಮುಖ್ಯ ಗುಟ್ಟು ನಾರು. ಇಸಬ್‌ಗೋಲ್, ಬೀಟ್ ತಿರುಳು, ಸೆಲ್ಯುಲೋಸ್ ಮುಂತಾದವು ನುಂಗಿದ ಕೂದಲು ಹೊಟ್ಟೆಯಲ್ಲೇ ಉಂಡೆಗಟ್ಟದೆ ಮಲದ ಜೊತೆ ಸಾಗಲು ನೆರವಾಗುತ್ತವೆ. ಆದರೆ ನಾರು ಹೆಚ್ಚಿದಂತೆ ಪ್ರೋಟೀನಿಗೆ ಉಳಿಯುವ ಜಾಗ ಕುಗ್ಗುತ್ತದೆ. ಉಂಡೆ ಕಾರುವುದು ಅಪರೂಪವಾಗಿದ್ದರೆ ಇಂತಹ ಆಹಾರ ಅನಗತ್ಯ. ವಾರವಾರವೂ ಕಾರುತ್ತಿದ್ದರೆ, ಅಥವಾ ಏನೂ ಹೊರಬಾರದೆ ಬರೀ ಓಕರಿಸುತ್ತಿದ್ದರೆ, ಆಹಾರ ಬದಲಿಸುವುದಕ್ಕೆ ಮೊದಲು ಪಶುವೈದ್ಯರಿಗೆ ತೋರಿಸಬೇಕು. ಕರುಳಿನ ಉರಿಯೂತವೂ ಇದೇ ಲಕ್ಷಣ ತೋರುತ್ತದೆ.

ಎಷ್ಟು ಹಾಕಬೇಕು?

ಉದ್ದ ಕೂದಲಿನ ಬೆಕ್ಕಿನ ಬೊಜ್ಜು ಕಣ್ಣಿಗೆ ಬೀಳುವುದಿಲ್ಲ, ಕೈಗೆ ಸಿಗುತ್ತದೆ. ಬೆರಳುಗಳನ್ನು ತುಪ್ಪಳದೊಳಗೆ ಇಳಿಸಿ ಎದೆಯ ಎರಡೂ ಪಕ್ಕಗಳನ್ನು ಹಗುರವಾಗಿ ಸವರಿ. ಒತ್ತದೆಯೇ ಪಕ್ಕೆಲುಬುಗಳು ಒಂದೊಂದಾಗಿ ತಿಳಿಯಬೇಕು, ಆದರೆ ಮೇಲೆ ತೆಳ್ಳನೆಯ ಪದರವೊಂದು ಇರಬೇಕು. ಒತ್ತಿದರೂ ಎಲುಬು ಸಿಗದಿದ್ದರೆ ಬೆಕ್ಕು ದಪ್ಪವಾಗಿದೆ. ಎಲುಬುಗಳ ನಡುವೆ ಬೆರಳು ಕುಸಿದರೆ ಬಡಕಲಾಗಿದೆ.

ಸಾಧಾರಣ ಮೈಕಟ್ಟಿನ, ಮನೆಯೊಳಗಿನ, 4 ಕಿಲೋ ತೂಕದ ಬೆಕ್ಕಿಗೆ ದಿನಕ್ಕೆ ಸುಮಾರು 200ರಿಂದ 240 ಕಿಲೋಕ್ಯಾಲರಿ ಸಾಕಾಗುತ್ತದೆ. ಮೇಲಿನ ಉದಾಹರಣೆಯ ಆಹಾರದಲ್ಲಿ 100 ಗ್ರಾಂಗೆ ಸರಿಸುಮಾರು 350 ಕಿಲೋಕ್ಯಾಲರಿ ಇರುವುದರಿಂದ ಇಡೀ ದಿನಕ್ಕೆ 57ರಿಂದ 69 ಗ್ರಾಂ ಆಯಿತು. ಲೋಟದಲ್ಲಿ ಅಳೆಯದೆ ತಕ್ಕಡಿಯಲ್ಲಿ ತೂಗಿ. ಬಟ್ಟಲು ತುಂಬಿಟ್ಟು ಹೊರಟುಹೋಗುವ ಪದ್ಧತಿ ಬೊಜ್ಜಿಗೆ ನೇರ ದಾರಿ. ಒಣ ಆಹಾರದಲ್ಲಿ ನೀರು ಶೇ 10ರ ಆಸುಪಾಸಷ್ಟೇ ಇರುವುದರಿಂದ ಕುಡಿಯುವ ನೀರನ್ನು ಒಂದಕ್ಕಿಂತ ಹೆಚ್ಚು ಕಡೆ ಇಡಬೇಕು. ಮೂತ್ರದ ಹರಳು ಅಥವಾ ಮೂತ್ರಪಿಂಡದ ತೊಂದರೆ ಇರುವ ಬೆಕ್ಕಿಗೆ ಈ ಲೇಖನದ ಲೆಕ್ಕಗಳು ಅನ್ವಯಿಸುವುದಿಲ್ಲ, ಅದಕ್ಕೆ ವೈದ್ಯರು ಬರೆದುಕೊಟ್ಟ ಆಹಾರವೇ ಆಗಬೇಕು.

ಕಾಳಿನ ಆಕಾರವೂ ಲೆಕ್ಕಕ್ಕೆ ಬರುತ್ತದೆ. ಚಪ್ಪಟೆ ಮುಖದ ಪರ್ಷಿಯನ್ ಬೆಕ್ಕುಗಳಲ್ಲಿ ಹಲವು ಕಾಳನ್ನು ಹಲ್ಲಿನಿಂದ ಹಿಡಿಯದೆ ನಾಲಿಗೆಯ ಕೆಳಬದಿಯಿಂದ ಮೇಲಕ್ಕೆತ್ತಿಕೊಳ್ಳುತ್ತವೆ. ಕಾಳು ನುಣುಪಾಗಿ ಜಾರುವಂತಿದ್ದರೆ ಬಟ್ಟಲಿನ ಸುತ್ತ ಚೆಲ್ಲಾಡಿ ಸೋತು ಬಿಡುತ್ತವೆ, ನಾವು ಅದನ್ನು ರುಚಿಸಲಿಲ್ಲವೆಂದು ತಿಳಿಯುತ್ತೇವೆ.

ಬದಲಾವಣೆ ನಿಧಾನವಾಗಿರಲಿ

ಹೊಸ ಆಹಾರವನ್ನು 7ರಿಂದ 10 ದಿನಗಳಲ್ಲಿ ರೂಢಿಸಿ: ಮೊದಲು ಹಳೆಯದರ ಮುಕ್ಕಾಲು ಪಾಲಿಗೆ ಹೊಸದು ಕಾಲು, ಆಮೇಲೆ ಅರ್ಧ, ಬಳಿಕ ಮುಕ್ಕಾಲು. ಹಸಿದರೆ ತಾನಾಗಿಯೇ ತಿನ್ನುತ್ತದೆ ಎಂಬ ಹಟ ಬೆಕ್ಕಿನ ಮುಂದೆ ಸಲ್ಲದು. ಕೆಲವೇ ದಿನ ಉಪವಾಸವಿದ್ದರೂ, ಅದರಲ್ಲೂ ದಪ್ಪ ಬೆಕ್ಕುಗಳಲ್ಲಿ, ಯಕೃತ್ತಿನಲ್ಲಿ ಕೊಬ್ಬು ತುಂಬಿಕೊಂಡು ಜೀವಕ್ಕೇ ಅಪಾಯವಾಗಬಹುದು. ಒಂದು ದಿನವಿಡೀ ಏನೂ ಮುಟ್ಟದಿದ್ದರೆ ಹಳೆಯ ಆಹಾರಕ್ಕೆ ಮರಳಿ, ಅದನ್ನೂ ತಿನ್ನದಿದ್ದರೆ ವೈದ್ಯರನ್ನು ಕಾಣಿ.

ತೆರೆದ ಆಹಾರದ ಕೊಬ್ಬು ಗಾಳಿಗೆ ಕಮಟು ಹಿಡಿಯುತ್ತದೆ, ಮೀನಿನೆಣ್ಣೆ ಹೆಚ್ಚಿದ್ದಷ್ಟು ಬೇಗ ಹಿಡಿಯುತ್ತದೆ. ಒಂದು, ಒಂದೂವರೆ ತಿಂಗಳಲ್ಲಿ ಮುಗಿಯುವಷ್ಟು ದೊಡ್ಡ ಚೀಲ ಕೊಂಡು, ಕಾಳನ್ನು ಚೀಲದ ಸಮೇತವೇ ಬಿಗಿ ಮುಚ್ಚಳದ ಡಬ್ಬದಲ್ಲಿಡಿ. ದೂರು ಕೊಡುವ ಸಂದರ್ಭ ಬಂದರೆ ಬೇಕಾಗುವ ಬ್ಯಾಚ್ ಸಂಖ್ಯೆ ಅದರ ಮೇಲೆಯೇ ಇರುತ್ತದೆ.

ಮಲ ಗಟ್ಟಿಯಾಗಿದೆಯೇ ಎಂಬುದು ಎರಡು ವಾರದೊಳಗೆ ಗೊತ್ತಾಗುತ್ತದೆ. ಕೂದಲಿನ ಮೇಲಿನ ಪರಿಣಾಮ ಕಾಣಲು ಹೊಸ ಕೂದಲು ಬೆಳೆಯಬೇಕಾದ್ದರಿಂದ ಕನಿಷ್ಠ 6ರಿಂದ 8 ವಾರ ಕಾಯಬೇಕು. ಆ ವೇಳೆಗೂ ತುಪ್ಪಳ ಮಂಕಾಗಿದ್ದು ಹೊಟ್ಟು ಉದುರುತ್ತಿದ್ದರೆ ಮತ್ತೊಂದು ಚೀಲ ಕೊಳ್ಳುವ ಬದಲು ಚರ್ಮದ ತಪಾಸಣೆ ಮಾಡಿಸಿ. ಕಂಕುಳಲ್ಲಿ, ಕಿವಿಯ ಹಿಂದೆ ಕಟ್ಟುವ ಜಡೆಗಳನ್ನು ಮಾತ್ರ ಯಾವ ಆಹಾರವೂ ಬಿಡಿಸುವುದಿಲ್ಲ, ಅದಕ್ಕೆ ದಿನವೂ ಬಾಚಬೇಕು.