ತೆಂಗಿನೆಣ್ಣೆಗೆ ಕರಿಬೇವಿನ ಘಮ ಹಿಡಿಸುವುದು: ನಾನು ಮಾಡುವ ಕ್ರಮ

ನಮ್ಮ ಅಡುಗೆಮನೆಯಲ್ಲಿ ಮೂರು ನಮೂನೆಯ ತೆಂಗಿನೆಣ್ಣೆ ಇರುತ್ತದೆ. ಒಂದು ಬರೀ ಎಣ್ಣೆ. ಇನ್ನೊಂದು ಕರಿಬೇವು ಹಾಕಿ ಕಾಯಿಸಿದ್ದು. ಮತ್ತೊಂದು ಒಳ್ಳೆಮೆಣಸಿನದು, ಅಂದರೆ ಕಾಳುಮೆಣಸಿನದು. ಮನೆಗೆ ಬಂದವರು ಗಂಜಿಗೆ ಒಂದು ಚಮಚ ಹಾಕಿಕೊಂಡ ಮೇಲೆ "ಇದನ್ನು ಹೇಗೆ ಮಾಡುವುದು?" ಅಂತ ಕೇಳದೆ ಹೋಗುವುದಿಲ್ಲ. ಬಾಯಲ್ಲಿ ಹೇಳಿದರೆ ಅರ್ಧ ಬಿಟ್ಟುಹೋಗುತ್ತದೆ. ಅದಕ್ಕೇ ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ.

ನಾವಿರುವುದು ಉಡುಪಿ ಜಿಲ್ಲೆಯ ಕಟಪಾಡಿಯ ಹತ್ತಿರ. ಹಿತ್ತಿಲಲ್ಲಿ ತೆಂಗು ಉಂಟು, ಕರಿಬೇವಿನ ಗಿಡ ಉಂಟು, ಮಾವಿನ ಮರಕ್ಕೆ ಹಬ್ಬಿಸಿದ ಮೆಣಸಿನ ಬಳ್ಳಿಯೂ ಉಂಟು. ಬೇಕಾದ ಸಾಮಾನೆಲ್ಲ ಕೈಗೆಟಕುವಲ್ಲೇ ಇದೆ. ಉಳಿದದ್ದೆಲ್ಲ ನೀರಿನ ಲೆಕ್ಕಾಚಾರ. ಸೊಪ್ಪಿನಲ್ಲಿರುವ ನೀರನ್ನು ಪೂರ್ತಿ ಹೊರಗೆ ಕಳಿಸಬೇಕು, ಘಮವನ್ನು ಮಾತ್ರ ಎಣ್ಣೆಯಲ್ಲಿ ಉಳಿಸಿಕೊಳ್ಳಬೇಕು. ಮಾಡುವ ಕೆಲಸ ಇಷ್ಟೇ, ಆದರೆ ಎರಡೂ ಒಟ್ಟಿಗೆ ಆಗಬೇಕು ಅನ್ನುವಲ್ಲಿ ಕಷ್ಟ ಇರುವುದು.

ಮೊದಲು ಎಣ್ಣೆಯ ವಿಷಯ. ಬೇಸಿಗೆಯಲ್ಲಿ ಕಾಯಿ ಒಡೆದು, ತಾರಸಿಯಲ್ಲಿ ಚೆನ್ನಾಗಿ ಒಣಗಿಸಿ, ಗಾಣಕ್ಕೆ ಕೊಟ್ಟು ತೆಗೆಸಿದ ಎಣ್ಣೆಯನ್ನೇ ನಾನು ಬಳಸುವುದು. ಕೊಬ್ಬರಿಯಲ್ಲಿ ತೇವ ಸುಮಾರು ನೂರಕ್ಕೆ 6ರಷ್ಟಕ್ಕೆ ಇಳಿದಿರಬೇಕು ಅನ್ನುತ್ತಾರೆ. ಮನೆಯಲ್ಲಿ ಅದನ್ನು ಅಳೆಯುವವರು ಯಾರು? ಮುರಿದು ನೋಡುತ್ತೇವೆ. ಬಾಗದೆ ಪಟ್ಟನೆ ಮುರಿದರೆ ಸೈ. ಸರಿಯಾಗಿ ಒಣಗದ ಕೊಬ್ಬರಿಗೆ ಬೂಸ್ಟು ಹಿಡಿಯುತ್ತದೆ, ಅದರ ಎಣ್ಣೆ ಕೆಲವೇ ವಾರಗಳಲ್ಲಿ ಕನರು ವಾಸನೆ ಬರುತ್ತದೆ, ರುಚಿ ಸಾಬೂನಿನ ಹಾಗಾಗುತ್ತದೆ. ಅದಕ್ಕೆ ಕಾರಣ ಇದೆ. ತೆಂಗಿನೆಣ್ಣೆಯ ಕೊಬ್ಬಿನಲ್ಲಿ ಹೆಚ್ಚುಕಮ್ಮಿ ಅರ್ಧದಷ್ಟು ಲಾರಿಕ್ ಆಮ್ಲ. ನೀರಿನ ಅಂಶ ಮತ್ತು ಬೂಸ್ಟು ಸೇರಿದರೆ ಆ ಆಮ್ಲ ಕೊಬ್ಬಿನಿಂದ ಬಿಡಿಸಿಕೊಂಡು ಬರುತ್ತದೆ. ಸಾಬೂನಿನ ರುಚಿ ಅದರದ್ದೇ. ತೇವ ಇಲ್ಲದಿದ್ದರೆ ತೆಂಗಿನೆಣ್ಣೆಯಷ್ಟು ಬಾಳಿಕೆ ಬರುವ ಎಣ್ಣೆ ಕಡಿಮೆ. ಅದರ ನೂರರಲ್ಲಿ 90 ಪಾಲು ಸ್ಯಾಚುರೇಟೆಡ್ ಕೊಬ್ಬು, ಗಾಳಿಗೆ ಬೇಗ ಕೆಡುವುದಿಲ್ಲ. ಘಮ ಹಿಡಿಸಲಿಕ್ಕೆ ನಾನು ಸೂರ್ಯಕಾಂತಿ ಎಣ್ಣೆ ಮುಟ್ಟದಿರುವುದು ಇದೇ ಕಾರಣಕ್ಕೆ.

ಇನ್ನು ಕರಿಬೇವು. ತೀರಾ ಎಳೆ ಚಿಗುರು ಬೇಡ, ಅದರಲ್ಲಿ ನೀರು ಜಾಸ್ತಿ, ಘಮ ಕಡಿಮೆ. ಬಲಿತು ಕಡು ಹಸಿರಾದ ಎಲೆ ಒಳ್ಳೆಯದು. ಅರ್ಧ ಲೀಟರ್ ಎಣ್ಣೆಗೆ ಕಡ್ಡಿಯಿಂದ ಬಿಡಿಸಿದ ಎಲೆ ಸುಮಾರು 50 ಗ್ರಾಂ ಹಾಕುತ್ತೇನೆ. ಹಿಂದಿನ ದಿನ ಸಂಜೆಯೇ ತೊಳೆದು, ಕೊಡವಿ, ಹತ್ತಿ ಬಟ್ಟೆಯ ಮೇಲೆ ತೆಳ್ಳಗೆ ಹರಡಿ ಫ್ಯಾನಿನ ಕೆಳಗೆ ಬಿಡುತ್ತೇನೆ. ಬೆಳಿಗ್ಗೆ ಎಲೆ ಸ್ವಲ್ಪ ಬಾಡಿರುತ್ತದೆ, ಮೇಲ್ಮೈಯಲ್ಲಿ ಒಂದು ಹನಿಯೂ ಇರುವುದಿಲ್ಲ. ಬಿಸಿಲಿಗೆ ಇಡುವುದಿಲ್ಲ, ಬಿಸಿಲಲ್ಲಿ ಬಣ್ಣ ಹೋಗುತ್ತದೆ, ಘಮವೂ ಹಾರುತ್ತದೆ. ಎಣ್ಣೆಗೆ ಹಾಕುವ ಹೊತ್ತಿಗೆ ಎಲೆಯನ್ನು ಕೈಯಲ್ಲೇ ಒಂದೆರಡು ತುಂಡು ಮಾಡುತ್ತೇನೆ. ಅರೆದು ಹಾಕುವವರೂ ಇದ್ದಾರೆ. ಅರೆದರೆ ಸೋಸುವುದು ಕಷ್ಟ, ತಳ ಹಿಡಿಯುವ ಭಯ ಬೇರೆ.

ಪಾತ್ರೆ ದಪ್ಪ ತಳದ ಸ್ಟೀಲಿನದು. ಕಬ್ಬಿಣದ ಬಾಣಲೆಯಲ್ಲಿ ಒಗ್ಗರಣೆ ಹಾಕಿದರೆ ತೊಂದರೆ ಇಲ್ಲ, ಆದರೆ ವಾರಗಟ್ಟಲೆ ಇಡುವ ಎಣ್ಣೆಯನ್ನು ಅದರಲ್ಲಿ ಕಾಯಿಸುವುದಿಲ್ಲ. ಕಬ್ಬಿಣವಾಗಲಿ ತಾಮ್ರವಾಗಲಿ ಒಂದಿಷ್ಟು ಎಣ್ಣೆಗಿಳಿದರೆ ಅದು ಬೇಗ ಹಳಸುತ್ತದೆ.

ಎಣ್ಣೆ ಕಾಯಲಿಕ್ಕೆ ಇಟ್ಟ ಮೇಲೆ ಒಲೆಯ ಮುಂದೆಯೇ ಇರಬೇಕು. ಫೋನ್ ಬಂದರೂ ಹೋಗುವ ಹಾಗಿಲ್ಲ. ಒಂದು ಎಲೆ ಹಾಕಿ ನೋಡುತ್ತೇನೆ. ಎಲೆಯ ಅಂಚಿನಲ್ಲಿ, ತೊಟ್ಟಿನ ಸುತ್ತ ಸಣ್ಣ ಸಣ್ಣ ಗುಳ್ಳೆ ಎದ್ದರೆ ಬಿಸಿ ಸರಿಯಾಗಿದೆ. ಚಟಪಟ ಸಿಡಿದರೆ ಬಿಸಿ ಜಾಸ್ತಿ, ಇಳಿಸಿ ಆರಲು ಬಿಡಬೇಕು. ಆಮೇಲೆ ಎಲೆಯನ್ನು ಒಂದೊಂದೇ ಹಿಡಿ ಹಾಕುತ್ತೇನೆ, ಒಟ್ಟಿಗೆ ಸುರಿದರೆ ಎಣ್ಣೆ ಉಕ್ಕಿ ಮೇಲೆ ಬರುತ್ತದೆ. ಉರಿ ಪೂರ್ತಿ ಸಣ್ಣದು.

ಇಲ್ಲಿಂದ ಮುಂದೆ ಕೆಲಸವೆಲ್ಲ ಕಿವಿಗೆ. ಶುರುವಿಗೆ ದೊಡ್ಡ ಗುಳ್ಳೆ, ಜೋರು ಸದ್ದು. ಎಲೆಯೊಳಗಿನ ನೀರು ಆವಿಯಾಗಿ ಹೊರಗೆ ಬರುವ ಸದ್ದು ಅದು. ನೀರು 100 ಡಿಗ್ರಿಗೆ ಕುದಿಯುತ್ತದಲ್ಲ, ಅದು ಇರುವಷ್ಟು ಹೊತ್ತು ಎಲೆಯ ಬಿಸಿ ಅದರ ಮೇಲೆ ಹೆಚ್ಚು ಏರುವುದಿಲ್ಲ. ನೀರೇ ಎಲೆಯನ್ನು ಕಾಪಾಡುತ್ತಿರುತ್ತದೆ. ಹತ್ತು ಹದಿನೈದು ನಿಮಿಷ ಕಳೆಯುತ್ತಿದ್ದಂತೆ ಗುಳ್ಳೆ ಸಾಸಿವೆ ಗಾತ್ರಕ್ಕೆ ಇಳಿಯುತ್ತದೆ, ಸದ್ದು ತೆಳುವಾಗುತ್ತದೆ. ಸೌಟಿನಲ್ಲಿ ಕದಡಿದರೆ ಎಲೆಗಳು ಒಂದಕ್ಕೊಂದು ತಾಗಿ ಚರಚರ ಅನ್ನುತ್ತವೆ. ಆಗ ಒಲೆ ಆರಿಸಬೇಕು. ಸದ್ದು ಪೂರ್ತಿ ನಿಂತ ಮೇಲೂ ಬಿಟ್ಟರೆ ತಡೆಯುವ ನೀರೇ ಇಲ್ಲವಲ್ಲ, ಬಿಸಿ ಸರ್ರನೆ ಏರುತ್ತದೆ, ಎಲೆ ಕಂದುತ್ತದೆ, ಎಣ್ಣೆಗೆ ಸುಟ್ಟ ವಾಸನೆ ಬರುತ್ತದೆ. ಎಲೆ ಕಡು ಹಸಿರಾಗಿಯೇ ಗರಿಗರಿಯಾಗಿರಬೇಕು. ಹದ ಅಂದರೆ ಅದು.

ಈ ಸದ್ದಿನ ಪಾಠ ನನಗೆ ಅತ್ತೆಯಿಂದ ಬಂದದ್ದು. ಅವರು ಒಂದೆಲಗ, ಗರುಗದ ರಸ ಹಾಕಿ ತಲೆಗೆ ಹಚ್ಚುವ ಎಣ್ಣೆ ಕಾಯಿಸುತ್ತಿದ್ದರು. ಕಣ್ಣು ಮಂಜಾದ ಮೇಲೂ ಜಗಲಿಯಲ್ಲಿ ಕೂತೇ ಹೇಳುತ್ತಿದ್ದರು, "ಸದ್ದು ನಿಲ್ಲುತ್ತಾ ಬಂತಲ್ಲ ಮಾರಾಯ್ತಿ, ಎಂತ ನೋಡ್ತಾ ಉಂಟು, ಇಳಿಸು ಬೇಗ." ಆಯುರ್ವೇದದಲ್ಲಿ ಇಂಥ ಎಣ್ಣೆಗೆ ಒಂದು ಲೆಕ್ಕ ಉಂಟು: ಅರೆದ ಮದ್ದು (ಇದಕ್ಕೆ ಕಲ್ಕ ಅನ್ನುತ್ತಾರೆ) 1 ಪಾಲು, ಎಣ್ಣೆ 4 ಪಾಲು, ರಸ ಅಥವಾ ಕಷಾಯ 16 ಪಾಲು. ಅಷ್ಟು ನೀರು ಹೋಗುವವರೆಗೂ ಕಾಯಿಸಬೇಕು. ಹೋಯಿತೋ ಇಲ್ಲವೋ ಅಂತ ನೋಡಲಿಕ್ಕೆ ಒಂದು ಪರೀಕ್ಷೆ ಉಂಟು. ತಳದ ಕಲ್ಕವನ್ನು ಒಂದು ಚಿಟಿಕೆ ತೆಗೆದು, ಬೆರಳಲ್ಲಿ ಹೊಸೆದು ಬತ್ತಿ ಮಾಡಿ, ಉರಿಗೆ ಹಿಡಿಯಬೇಕು. ಚಟಚಟ ಅಂದರೆ ಇನ್ನೂ ನೀರಿದೆ. ಸದ್ದಿಲ್ಲದೆ ಉರಿದರೆ ಆಯಿತು. ಅಡುಗೆ ಎಣ್ಣೆಗೂ ನಾನು ಇದನ್ನೇ ಮಾಡುತ್ತೇನೆ. ಒಂದು ಎಲೆ ತೆಗೆದು, ಎಣ್ಣೆ ಒರೆಸಿ, ಇಕ್ಕಳದಲ್ಲಿ ಹಿಡಿದು ದೀಪದ ಕುಡಿಗೆ ತೋರಿಸುತ್ತೇನೆ. ಇದು ಥರ್ಮಾಮೀಟರ್ ಹೇಳದ ಸಂಗತಿ. ಥರ್ಮಾಮೀಟರ್ ಕೂಡ ಇಟ್ಟುಕೊಂಡಿದ್ದೇನೆ, ಮುಖ್ಯವಾಗಿ 120 ಡಿಗ್ರಿ ದಾಟದಂತೆ ನೋಡಲಿಕ್ಕೆ.

ಎಣ್ಣೆ ಉಗುರು ಬೆಚ್ಚಗಾದ ಮೇಲೆ ಪೂರ್ತಿ ಒಣಗಿದ ಮಲ್ ಬಟ್ಟೆಯಲ್ಲಿ ಸೋಸುತ್ತೇನೆ. ಹಿಂಡುವುದಿಲ್ಲ. ಹಿಂಡಿದರೆ ಎರಡು ಚಮಚ ಎಣ್ಣೆ ಜಾಸ್ತಿ ಸಿಗಬಹುದು, ಜೊತೆಗೆ ಪುಡಿಯೂ ಇಳಿಯುತ್ತದೆ. ಒಂದು ರಾತ್ರಿ ಅಲುಗಾಡಿಸದೆ ಇಟ್ಟು, ಮೇಲಿನ ತಿಳಿಯನ್ನು ಮಾತ್ರ ಬಾಟಲಿಗೆ ಬಗ್ಗಿಸಿ, ತಳದ ಗಷ್ಟನ್ನು ಅವತ್ತಿನ ಪಲ್ಯಕ್ಕೇ ಹಾಕಿಬಿಡುತ್ತೇನೆ. ಡಿಸೆಂಬರ್, ಜನವರಿಯ ಬೆಳಿಗ್ಗೆ ಮಾಡುವುದಾದರೆ ಒಂದು ವಿಷಯ ಗೊತ್ತಿರಲಿ. ತೆಂಗಿನೆಣ್ಣೆ 24-25 ಡಿಗ್ರಿಯ ಕೆಳಗೆ ಗಟ್ಟಿಯಾಗುತ್ತದೆ, ಗಷ್ಟು ಕೆಳಗೆ ಕೂರುವ ಮೊದಲೇ ಹೆಪ್ಪುಗಟ್ಟಬಹುದು. ಹಾಗಾಗುವುದಿದ್ದರೆ ಪಾತ್ರೆಯನ್ನು ಬೆಚ್ಚಗಿನ ಜಾಗದಲ್ಲಿಡಿ.

ಒಳ್ಳೆಮೆಣಸಿನ ಎಣ್ಣೆಗೆ ಕ್ರಮ ಬೇರೆ. ಮೆಣಸು ಮೊದಲೇ ಒಣಗಿರುವುದರಿಂದ ನೀರು ಓಡಿಸುವ ಕೆಲಸವಿಲ್ಲ, ನಿಧಾನಕ್ಕೆ ಬಿಸಿ ಕೊಟ್ಟರೆ ಸಾಕು. 20 ಗ್ರಾಂ ಮೆಣಸನ್ನು ಕುಟ್ಟಾಣಿಯಲ್ಲಿ ತರಿತರಿ ಕುಟ್ಟಿ, ಕಾಲು ಲೀಟರ್ ಎಣ್ಣೆಗೆ ಹಾಕಿ, ಆ ಪಾತ್ರೆಯನ್ನು ನೀರಿರುವ ಇನ್ನೊಂದು ದೊಡ್ಡ ಪಾತ್ರೆಯಲ್ಲಿಡುತ್ತೇನೆ. ಹೊರಗಿನ ನೀರು ಕುದಿಯುವುದು ಬೇಡ, ಹೊಗೆಯಾಡುತ್ತಿದ್ದರೆ ಸಾಕು. ಹೀಗೆ ಎರಡು ಗಂಟೆ. ಎಣ್ಣೆಯ ಬಿಸಿ 100 ಡಿಗ್ರಿ ದಾಟಲಿಕ್ಕೆ ಸಾಧ್ಯವೇ ಇಲ್ಲ, ಮೆಣಸು ಸುಡುವುದೂ ಇಲ್ಲ. ಮೆಣಸಿನ ಖಾರಕ್ಕೆ ಕಾರಣವಾದ ಪೈಪರಿನ್ ನೀರಿನಲ್ಲಿ ಅಷ್ಟಾಗಿ ಕರಗುವುದಿಲ್ಲ, ಎಣ್ಣೆಯಲ್ಲಿ ಕರಗುತ್ತದೆ. ಹಾಗಾಗಿ ಸಮಯ ಕೊಟ್ಟರೆ ಖಾರ ತಾನಾಗಿ ಎಣ್ಣೆಗೆ ಬರುತ್ತದೆ. ಮುಚ್ಚಳ ಮುಚ್ಚಬೇಡಿ. ಮುಚ್ಚಳಕ್ಕೆ ಆವಿ ಕಟ್ಟಿ ಎಣ್ಣೆಗೆ ನೀರು ಬೀಳುತ್ತದೆ. ಹಸಿ ಸೊಪ್ಪನ್ನು ಹೀಗೆ ನೀರಿನ ಪಾತ್ರೆಯಲ್ಲಿಟ್ಟು ಕಾಯಿಸುವುದೂ ಸರಿಯಲ್ಲ. ಬಿಸಿ ಸಾಲದು, ಸೊಪ್ಪಿನ ನೀರು ಎಣ್ಣೆಯಲ್ಲೇ ಉಳಿಯುತ್ತದೆ. ಹಸಿಯಾದದ್ದಕ್ಕೆ ನೇರ ಉರಿ, ಒಣಗಿದ್ದಕ್ಕೆ ನೀರಿನ ಪಾತ್ರೆ.

ಬ್ಯಾಡಗಿ ಮೆಣಸಿನಲ್ಲಿ ಕೆಂಪು ಎಣ್ಣೆಯೂ ಮಾಡುವುದುಂಟು. ಅದರ ಬಣ್ಣ ಎಣ್ಣೆಗೆ ಬಹಳ ಬೇಗ ಬಿಡುತ್ತದೆ, ಅಷ್ಟೇ ಬೇಗ ಸುಡುತ್ತದೆ ಕೂಡ. ಬೀಜ ತೆಗೆದ ಮೆಣಸನ್ನು ಬಿಸಿಲಿಗೆ ಗರಿಗರಿ ಮಾಡಿ ತರಿಯಾಗಿ ಪುಡಿ ಮಾಡಿ, ಒಲೆಯಿಂದ ಇಳಿಸಿ ಸ್ವಲ್ಪ ಆರಿದ ಎಣ್ಣೆಯನ್ನು ಅದರ ಮೇಲೆ ಸುರಿದರೆ ಆಯಿತು. ದೊಡ್ಡಪತ್ರೆಯನ್ನು ಕೇಳುವವರಿದ್ದಾರೆ. ಆ ಎಲೆ ತುಂಬ ನೀರು, ನನ್ನ ಪ್ರಕಾರ ಅದು ತಂಬುಳಿಗೇ ಇರಲಿ.

ಈಗ ಬೆಳ್ಳುಳ್ಳಿ. ಈ ಒಂದು ಪ್ಯಾರಾವನ್ನು ದಯವಿಟ್ಟು ಹಾರಿಸಬೇಡಿ. ನಮ್ಮ ಕಡೆ ಬೆಳ್ಳುಳ್ಳಿ ಒಗ್ಗರಣೆ ಇಲ್ಲದೆ ದಾಳಿ ತೊವ್ವೆ ಇಳಿಯುವುದಿಲ್ಲ ಅನ್ನುವ ಮನೆಗಳು ಬಹಳ. ಹಾಗಾದರೆ ಬೆಳ್ಳುಳ್ಳಿ ಎಣ್ಣೆಯನ್ನೂ ಮಾಡಿ ಬಾಟಲಿಗೆ ತುಂಬಿಸಿ ಕಪಾಟಲ್ಲಿ ಇಟ್ಟರೆ ಆಯಿತಲ್ಲ ಅಂತ ಅನಿಸುತ್ತದೆ. ಇಡಬಾರದು. ಮಣ್ಣಿನಲ್ಲಿ ಇರುವ ಕ್ಲಾಸ್ಟ್ರಿಡಿಯಂ ಬೊಟುಲಿನಂ ಅನ್ನುವ ಬ್ಯಾಕ್ಟೀರಿಯಾದ ಬೀಜಕಗಳು ಬೆಳ್ಳುಳ್ಳಿಗೆ ಅಂಟಿ ಬರಬಹುದು. 100 ಡಿಗ್ರಿ ಬಿಸಿಗೆ ಅವು ಸಾಯುವುದಿಲ್ಲ. ಗಾಳಿ ಇಲ್ಲದ, ಹುಳಿ ಇಲ್ಲದ, ಸ್ವಲ್ಪ ತೇವ ಇರುವ ಜಾಗ ಸಿಕ್ಕಿದರೆ ಬೆಳೆದು ವಿಷ ಮಾಡುತ್ತವೆ. ಎಣ್ಣೆಯಲ್ಲಿ ಮುಳುಗಿದ ಬೆಳ್ಳುಳ್ಳಿ ಅಂದರೆ ಸರಿಯಾಗಿ ಅಂಥದೇ ಜಾಗ. ವಾಸನೆಯಲ್ಲಿ, ರುಚಿಯಲ್ಲಿ ಏನೂ ಗೊತ್ತಾಗಲಿಕ್ಕಿಲ್ಲ. 1985ರಲ್ಲಿ ಕೆನಡಾದ ವ್ಯಾಂಕೂವರ್‌ನ ಒಂದು ರೆಸ್ಟೊರೆಂಟಿನಲ್ಲಿ ಎಣ್ಣೆಯಲ್ಲಿ ಹಾಕಿಟ್ಟ ಬೆಳ್ಳುಳ್ಳಿ ತಿಂದು 36 ಜನ ಹೀಗೆ ಕಾಯಿಲೆ ಬಿದ್ದರು. ನರಗಳನ್ನು ಹಿಡಿಯುವ ಕಾಯಿಲೆ ಅದು, ಉಸಿರಾಟವೇ ನಿಲ್ಲಬಹುದು. ನಮ್ಮ ಉಪ್ಪಿನಕಾಯಿಗೆ ಈ ಭಯ ಇಲ್ಲ, ಅದರಲ್ಲಿ ಉಪ್ಪು ಮತ್ತು ಹುಳಿ ಕಾವಲಿಗಿರುತ್ತವೆ. ಎಣ್ಣೆಗೆ ಅಂಥ ಕಾವಲಿಲ್ಲ. ನಾನು ಬೆಳ್ಳುಳ್ಳಿ ಎಣ್ಣೆಯನ್ನು ಅವತ್ತಿಗೆ ಬೇಕಾದಷ್ಟೇ ಮಾಡುತ್ತೇನೆ. ಉಳಿದರೆ ಚೂರುಗಳನ್ನು ಸೋಸಿ ಕೂಡಲೇ ಫ್ರಿಜ್ಜಿಗೆ ಹಾಕಿ, ನಾಲ್ಕು ದಿನದೊಳಗೆ ಮುಗಿಸುತ್ತೇನೆ. ಹಸಿಶುಂಠಿ, ಹಸಿಮೆಣಸು ಹಾಕಿದ್ದಕ್ಕೂ ಇದೇ ನಿಯಮ. ಉಡುಗೊರೆ ಅಂತ ಬೆಳ್ಳುಳ್ಳಿ ಎಣ್ಣೆಯನ್ನು ಯಾರಿಗೂ ಕೊಟ್ಟು ಕಳಿಸುವುದಿಲ್ಲ.

ಕರಿಬೇವಿನ ಎಣ್ಣೆಯ ವಿಷಯದಲ್ಲೂ ನಾನು ಜಾಗ್ರತೆ ಬಿಡುವುದಿಲ್ಲ. ಎಲೆಯನ್ನು ಬಾಟಲಿಯೊಳಗೆ ಚಂದಕ್ಕೆ ಅಂತ ತೇಲಿಬಿಡುವುದಿಲ್ಲ. ಕಂದು ಬಣ್ಣದ ಸಣ್ಣ ಸಣ್ಣ ಬಾಟಲಿಗೆ ಕುತ್ತಿಗೆಯವರೆಗೆ ತುಂಬಿಸಿ ಫ್ರಿಜ್ಜಿನಲ್ಲಿಟ್ಟು, ಒಂದನ್ನು ಮಾತ್ರ ಹೊರಗೆ ಇಟ್ಟುಕೊಳ್ಳುತ್ತೇನೆ. ಎಲ್ಲದಕ್ಕೂ ಮಾಡಿದ ತಾರೀಕು ಬರೆದ ಚೀಟಿ ಅಂಟಿಸಿರುತ್ತೇನೆ, ಒಂದು ತಿಂಗಳೊಳಗೆ ಮುಗಿಸುತ್ತೇನೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿನ ಗಾಳಿಯಲ್ಲೇ ನೀರಿರುತ್ತದೆ, ಉಪ್ಪಿನ ಭರಣಿಯೂ ಬೆವರುತ್ತದೆ. ಆಗ ತೊಳೆದ ಬಾಟಲಿ ತಾನಾಗಿ ಒಣಗುವುದಿಲ್ಲ. ದೋಸೆ ಮಾಡಿ ಮುಗಿದ ಮೇಲೆ ಕಾವಲಿಯ ಪಕ್ಕದ ಬಿಸಿಯಲ್ಲಿ ಮಗುಚಿಟ್ಟು ಒಣಗಿಸುತ್ತೇನೆ. ಎಣ್ಣೆಗೆ ಒದ್ದೆ ಚಮಚ ಅದ್ದಿದವರಿಗೆ ನಮ್ಮ ಮನೆಯಲ್ಲಿ ಬೈಗುಳ ತಪ್ಪಿದ್ದಲ್ಲ, ಗಂಡನಿಗೂ ಸೇರಿಸಿ.

ಇಷ್ಟೆಲ್ಲ ಕಾಳಜಿಯಿಂದ ಮಾಡಿದ ಎಣ್ಣೆಯನ್ನು ಮತ್ತೆ ಒಲೆಗಿಟ್ಟು ಹೊಗೆಯಾಡಿಸಬೇಡಿ. ಗೋಳಿಬಜೆ ಕರಿಯಲಿಕ್ಕೆ ಬರೀ ಎಣ್ಣೆ ಇದೆಯಲ್ಲ. ಘಮದ ಎಣ್ಣೆಯನ್ನು ಒಲೆ ಆರಿಸಿದ ಮೇಲೆ ಹಾಕಬೇಕು. ಕುಚ್ಚಲಕ್ಕಿ ಗಂಜಿ, ಒಂದು ಚಮಚ ಒಳ್ಳೆಮೆಣಸಿನ ಎಣ್ಣೆ, ಉಪ್ಪು, ಒಂದು ಮಿಡಿ. ಜ್ವರ ಬಿಟ್ಟು ಬಾಯಿ ರುಚಿ ಸತ್ತವರಿಗೆ ಇದಕ್ಕಿಂತ ಹಿತವಾದದ್ದು ನನಗೆ ಗೊತ್ತಿಲ್ಲ. ಕರಿಬೇವಿನ ಎಣ್ಣೆಗೆ ಸರಿಯಾದ ಜೋಡಿ ಅಂದರೆ ಮಟ್ಟುಗುಳ್ಳ. 2011ರಲ್ಲಿ ಜಿಐ (ಊರಿನ ಹೆಸರಿಗೆ ಸಿಗುವ ಭೌಗೋಳಿಕ ಗುರುತು) ಮಾನ್ಯತೆ ಸಿಕ್ಕಿದ ಈ ಬದನೆ ಬೆಳೆಯುವ ಮಟ್ಟು ನಮಗೆ ಹತ್ತಿರದಲ್ಲೇ ಇದೆ. ಗುಳ್ಳವನ್ನು ಕೆಂಡದಲ್ಲಿ ಸುಟ್ಟು, ಸಿಪ್ಪೆ ತೆಗೆದು, ಕೈಯಲ್ಲೇ ಹಿಚುಕಿ, ಹಸಿಮೆಣಸು, ಉಪ್ಪು, ಸ್ವಲ್ಪ ಹುಣಸೆ ರಸ ಸೇರಿಸಿ, ಕೊನೆಗೆ ಈ ಎಣ್ಣೆ ಎರಡು ಚಮಚ ಹಾಕುತ್ತೇನೆ. ಗೊಜ್ಜು ಬಿಸಿ ಇರುವಾಗಲೇ ಹಾಕಬೇಕು, ಆಗ ಘಮ ಮೇಲೇಳುತ್ತದೆ. ಪತ್ರೊಡೆಯ ಹೋಳನ್ನು ಕಾವಲಿಯಿಂದ ತೆಗೆದ ಮೇಲೆ ಮೇಲಿನಿಂದ ನಾಲ್ಕು ಹನಿ ಬಿಟ್ಟರೂ ಚೆನ್ನ.

ಸೋಸಿ ಉಳಿದ ಎಲೆಯನ್ನು ಎಸೆಯುವವರಿದ್ದಾರೆ, ನೋಡಿದರೆ ಹೊಟ್ಟೆ ಉರಿಯುತ್ತದೆ. ಅದನ್ನು ಬಟ್ಟೆಯ ಮೇಲೆ ಹರಡಿ ಎಣ್ಣೆ ಇಳಿಸಿ, ಹುರಿದ ಉದ್ದಿನಬೇಳೆ, ಒಂದೆರಡು ಒಣಮೆಣಸು, ಉಪ್ಪು, ಚೂರು ಇಂಗು ಸೇರಿಸಿ ಪುಡಿ ಮಾಡಿ. ಬಿಸಿ ಅನ್ನಕ್ಕೆ ಆ ಪುಡಿ, ಮೇಲೆ ಅದೇ ಎಣ್ಣೆ. ನಮ್ಮಲ್ಲಿ ಎಣ್ಣೆ ಕಾಯಿಸಿದ ದಿನ ಮಧ್ಯಾಹ್ನಕ್ಕೆ ಬೇರೆ ಪದಾರ್ಥ ಮಾಡುವ ಕ್ರಮವೇ ಇಲ್ಲ.